ಮುತ್ತಜ್ಜನ ಅಜ್ಜನೂ ಅತ್ತೆಮನೆ ಹಂದಿಯೂ

ನದೀಮೂಲ, ಋಷಿಮೂಲ ಹುಡುಕಬಾರದು ಎಂದು ಬಲ್ಲವರು ಹೇಳುತ್ತಾರೆ. ಕೂಲಿಯವನ ಮೂಲವನ್ನೂ ಹುಡುಕಬಾರದು ಎಂದು ಒಬ್ಬರಾದರೂ ಹೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಎಲ್ಲಕ್ಕೂ ಕಾರಣ ನಮ್ಮ ಅತ್ತೆ ಆಗ್ನೆಸ್. (ಈ ಮಾತನ್ನು ನಾನು ತೋಟದ ಶೆಡ್ಡಿನೊಳಗೆ, ಬಾಗಿಲು ಹಾಕಿಕೊಂಡು ಮಾತ್ರ ಹೇಳುತ್ತೇನೆ.) ಅತ್ತೆಗೆ ಎಂಬತ್ತೆಂಟು ವರ್ಷ. ಕಿವಿ ಸ್ವಲ್ಪ ಮಂದ, ಅದೂ ನಾನು ಮಾತಾಡಿದಾಗ ಮಾತ್ರ. ಅವರು ಹುಟ್ಟಿದ್ದು ಡೌಸ್ ಮನೆತನದಲ್ಲಿ. ಲಿಂಕನ್‌ಶೈರಿನ ನಮ್ಮ ಮಾರ್ಷ್‌ಬೆಕ್ ಹಳ್ಳಿಯಲ್ಲಿ ಒಂದು ಕಾಲಕ್ಕೆ ಕಣ್ಣು ಹಾಯುವಷ್ಟು ದೂರ ಡೌಸ್‌ಗಳದೇ ಹೊಲ. ನಮ್ಮ ಕಡೆ ನೆಲ ತಟ್ಟೆಯ ಹಾಗೆ ಚಪ್ಪಟೆಯಾದ್ದರಿಂದ ಕಣ್ಣು ಬಹಳ ದೂರ ಹಾಯುತ್ತದೆ. ಈಗ ಹೊಲ ಹೋಗಿದೆ, ಗತ್ತು ಉಳಿದಿದೆ. ಆ ಗತ್ತು ನಮ್ಮ ಮನೆಯಲ್ಲೇ, ಬಿಸಿಲು ಬೀಳುವ ಕೋಣೆಯಲ್ಲೇ ವಾಸಿಸುತ್ತದೆ.

ಒಂದು ಭಾನುವಾರ ಊಟದ ಮೇಜಿನಲ್ಲಿ ಅತ್ತೆ ಆಲೂಗಡ್ಡೆಯನ್ನು ಫೋರ್ಕಿಗೆ ಚುಚ್ಚಿಕೊಂಡು ಯಾವ ಪ್ರಚೋದನೆಯೂ ಇಲ್ಲದೆ ಅಂದರು:

"ಡೌಸ್ ಅಂದ್ರೆ ಬೇರು ಬಿಟ್ಟ ಮರ ಕಣೇ ಥೆಲ್ಮಾ. ಸ್ಕ್ರಿಮ್‌ಶಾಗಳು ಯಾರು, ಎಲ್ಲಿಂದ ಬಂದ್ರು, ಯಾರಿಗಾದ್ರೂ ಗೊತ್ತಾ? ಕಾಲುವೆ ಹೂಳಿನ ಜೊತೆ ಮೇಲೆ ಬಂದಿರ್ಬೇಕು."

ಸ್ಕ್ರಿಮ್‌ಶಾ ಎಂದರೆ ನನ್ನ ಮನೆತನ. ನಾನು ಜೀವಮಾನವಿಡೀ ಕಾಲುವೆಗಳ ಹೂಳೆತ್ತಿ ನಿವೃತ್ತನಾದವನು. ಮಾತು ನಾಟಿತು. ನನ್ನ ಹೆಂಡತಿ ಥೆಲ್ಮಾ ಸಹಾಯಕ್ಕೆ ಬರುತ್ತಾಳೆಂದು ಅವಳ ಕಡೆ ನೋಡಿದೆ. ಅವಳು ಗ್ರೇವಿಯ ಕಡೆ ನೋಡುತ್ತಿದ್ದಳು.

"ಅತ್ತೆ, ಸ್ಕ್ರಿಮ್‌ಶಾಗಳಿಗೂ ಬೇರಿದೆ," ಎಂದು ಎದ್ದು ನಿಂತೆ. "ನಾನು ಅಗೆದು ತೋರಿಸ್ತೀನಿ!"

"ಅಗೆಯೋದಾದ್ರೆ ಮೊದ್ಲು ಆ ಬೀಟ್‌ರೂಟ್ ಪಾತಿ ಅಗಿ," ಅಂದಳು ಥೆಲ್ಮಾ.

ಹೀಗೆ ನನ್ನ ಮಹಾಸಂಶೋಧನೆ ಆರಂಭವಾಯಿತು. ಅಜ್ಜ ಗೊತ್ತಿದ್ದ, ಮುತ್ತಜ್ಜನ ಹೆಸರು ಗೊತ್ತಿತ್ತು. ಅವನ ಅಪ್ಪ ಅಮೋಸ್ ಎಂಬುದು ಜನಗಣತಿಯಲ್ಲಿ ಸಿಕ್ಕಿತು. ಆದರೆ ಈ ಅಮೋಸ್ ಒಂದು ಗಣತಿಯಿಂದ ಇನ್ನೊಂದಕ್ಕೆ ಹತ್ತು ವರ್ಷ ಕಳೆದಾಗ ಏಳೇ ವರ್ಷ ದೊಡ್ಡವನಾಗಿದ್ದ, ಮುಂದಿನದರಲ್ಲಿ ಹದಿಮೂರು ವರ್ಷ ಬೆಳೆದು ಕೊರತೆ ತುಂಬಿಕೊಂಡಿದ್ದ. ಹೀಗಾಗಿ ಅವನು ಹುಟ್ಟಿದ ವರ್ಷ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. ನಮ್ಮ ಹೆಸರನ್ನಾದರೂ ಗಣತಿಯವರು ಒಂದೇ ಥರ ಬರೆದಿದ್ದರೇ? ಒಮ್ಮೆ ಸ್ಕ್ರಿಮ್‌ಶಾ, ಒಮ್ಮೆ ಸ್ಕಿಮ್‌ಶರ್, ಒಮ್ಮೆ ಶ್ರಿಂಪ್‌ಶಾ. ಬರೆಯುವವನಿಗೆ ಕಿವಿ ಮಂದವೋ, ನಮ್ಮವರಿಗೆ ಹಲ್ಲು ಕಡಿಮೆಯೋ, ದೇವರೇ ಬಲ್ಲ.

ಅಮೋಸನ ಮದುವೆಯ ದಾಖಲೆಯಲ್ಲಿ ಅವನ ಅಪ್ಪ ಸಿಕ್ಕ. ಹೆಸರು ಜೋಬ್, ವೃತ್ತಿ ಕೂಲಿ. ಹೆಸರು ಜೋಬ್ ಆದರೂ ಜೋಬಿನಲ್ಲಿ ಏನೂ ಇದ್ದಂತಿರಲಿಲ್ಲ. ಸಾಕ್ಷಿಯ ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು ಹಾಕಿದ್ದ. ಇವನೇ ನನ್ನ ಮುತ್ತಜ್ಜನ ಅಜ್ಜ! ಆ ಗುರುತನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ನೇಗಿಲು ಹಿಡಿದ ಕೈ, ಪೆನ್ನು ಹಿಡಿಯಲು ಎಷ್ಟು ಕಷ್ಟಪಟ್ಟಿತೋ.

"ಸಿಕ್ದ!" ಎಂದು ಅಡುಗೆಮನೆಗೆ ಓಡಿದೆ. "ಕಷ್ಟಜೀವಿ. ಮರ್ಯಾದಸ್ಥ. ದೇವರ ಭಯ ಇದ್ದೋನು."

"ಇಷ್ಟೆಲ್ಲ ಆ ಒಂದು ಗುರುತಲ್ಲಿ ಗೊತ್ತಾಯ್ತಾ?" ಎಂದು ಕೇಳಿದಳು ಥೆಲ್ಮಾ. ಆದರೆ ಅವಳಿಗೂ ಒಳಗೊಳಗೆ ಖುಷಿಯಾಗಿರಬೇಕು. ಮಾರನೆಯ ದಿನ ಅಂಗಡಿಯಲ್ಲಿ ಪಾದ್ರಿ ಹಿಲರಿಯಮ್ಮ ಸಿಕ್ಕಾಗ, ಚರ್ಚಿನ ಸುಗ್ಗಿ ಭೋಜನದ ದಿನ ನೆವಿಲ್ ತನ್ನ ಪೂರ್ವಜನ ಬಗ್ಗೆ ಭಾಷಣ ಮಾಡುತ್ತಾನೆಂದು ಒಪ್ಪಿಕೊಂಡೇ ಬಂದಳು. ನೆವಿಲ್ ಎಂದರೆ ನಾನು. ನನ್ನನ್ನು ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಭಾಷಣಕ್ಕೆ ಜೋಬನ ವಿಷಯ ಇನ್ನಷ್ಟು ಬೇಕಲ್ಲ? ಜಿಲ್ಲೆಯ ದಾಖಲೆ ಭಂಡಾರಕ್ಕೆ ಹೋದೆ. ಅಲ್ಲಿನ ಗಟ್ಟಿ ಕುರ್ಚಿಯಲ್ಲಿ ಕುಳಿತೂ ಕುಳಿತೂ, ವಂಶದ ಮೂಲ ಸಿಗುವ ಮೊದಲೇ ವೈದ್ಯರಿಗೆ ತೋರಿಸಬೇಕಾದ ಮೂಲ ಸಿಗುವ ಲಕ್ಷಣ ಕಂಡಿತು. ಅಷ್ಟರಲ್ಲಿ ಹಳೆಯ ನ್ಯಾಯಾಲಯದ ಕಡತದಲ್ಲಿ ನಮ್ಮ ಹೆಸರು ಕಣ್ಣಿಗೆ ಬಿತ್ತು. ಎಂಥ ಭಾಗ್ಯ! ಜ್ಯೂರಿಯಲ್ಲಿದ್ದನೇನೋ ಎಂದುಕೊಂಡೆ.

ಜ್ಯೂರಿಯಲ್ಲಿರಲಿಲ್ಲ. ಕಟಕಟೆಯಲ್ಲಿದ್ದ.

'ಜೋಬ್ ಸ್ಕ್ರಿಮ್‌ಶಾ, ಮಾರ್ಷ್‌ಬೆಕ್ ಹಳ್ಳಿಯ ಕೂಲಿ, ೧೮೩೮ನೇ ಇಸವಿ. ಅಪರಾಧ: ಹಂದಿ ಕಳವು. ಶಿಕ್ಷೆ: ಏಳು ವರ್ಷ ಕಡಲಾಚೆಗೆ ಗಡಿಪಾರು. ಹಂದಿಯ ಮಾಲೀಕರು: ಶ್ರೀಮಾನ್ ವಿಲಿಯಂ ಡೌಸ್.'

ಡೌಸ್! ಊರಿನಲ್ಲಿ ಅಷ್ಟು ಹಂದಿಗಳಿರುವಾಗ ಈ ಮಹಾನುಭಾವ ಹೋಗಿ ಹೋಗಿ ನನ್ನ ಅತ್ತೆಯ ಮನೆತನದ ಹಂದಿಗೇ ಕೈ ಹಾಕಬೇಕೇ? ಎರಡು ಹಾಳೆಗಳ ನಕಲು ತೆಗೆಸಿಕೊಂಡೆ. ಎರಡನೆಯ ಹಾಳೆಯನ್ನು ಓದುವ ಧೈರ್ಯ ಬರಲಿಲ್ಲ. ಎರಡನ್ನೂ ಕೋಟಿನ ಒಳಜೇಬಿಗೆ ಸೇರಿಸಿ, ಬಸ್ಸಿನಲ್ಲಿ ಯಾರೊಬ್ಬರ ಮುಖವನ್ನೂ ನೋಡದೆ ಮನೆಗೆ ಬಂದೆ.

ಆವತ್ತಿನಿಂದ ನನಗೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ. ಬೆಳಗ್ಗೆ ತಿಂಡಿಗೆ ಬೇಕನ್ ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮಧ್ಯಾಹ್ನ ಸಾಸೇಜು ಬಂದರೆ ಬೆವರು. ನಮ್ಮ ಜಿಲ್ಲೆಯಲ್ಲಿ ಹಂದಿ ತಪ್ಪಿಸಿ ಊಟ ಮಾಡುವುದು ಗಾಳಿ ತಪ್ಪಿಸಿ ಉಸಿರಾಡಿದಷ್ಟೇ ಕಷ್ಟ.

"ಏನಾಗಿದೆ ನಿನಗೆ? ಸಸ್ಯಾಹಾರಿ ಆಗ್ತಿದ್ದೀಯಾ?" ಎಂದು ಥೆಲ್ಮಾ ಗಾಬರಿಯಾದಳು.

"ಹೊಟ್ಟೆ ಸರಿ ಇಲ್ಲ."

"ಮನಸ್ಸು ಸರಿ ಇಲ್ಲ," ಎಂದು ತಿದ್ದಿದರು ಅತ್ತೆ. "ಕಳ್ಳನ ಕಳೆ ಬಂದಿದೆ ಮುಖಕ್ಕೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎಂಬ ಗಾದೆ ಕೇಳಿದ್ದೀರಲ್ಲ? ನಾನು ನಿಜವಾಗಿಯೂ ಹೆಗಲು ಮುಟ್ಟಿ ನೋಡಿಕೊಂಡೆ. ಹಂದಿಯ ಕೂದಲೊಂದು ಅಂಟಿದ್ದರೆ ಎಂಬ ಭಯ.

ಗಾಯಕ್ಕೆ ಉಪ್ಪು ಎಂಬಂತೆ ಅತ್ತೆ ಅದೇ ವಾರ ತಮ್ಮ ಮನೆತನದ ಪುರಾಣ ತೆಗೆದರು. "ನಮ್ಮಜ್ಜ ಹೇಳ್ತಿದ್ರು, ಹಳೇ ಕಾಲದಲ್ಲಿ ನಮ್ಮನೇಲಿ ಒಂದು ಹಂದಿ ಇತ್ತಂತೆ. ಮೇಳದಲ್ಲಿ ಬಹುಮಾನ ಗೆದ್ದಿದ್ದು. ಯಾವನೋ ಕದ್ಕೊಂಡು ಹೋದ. ಆಮೇಲೆ ಅಂಥ ಹಂದಿ ನಮ್ಮನೇಲಿ ಹುಟ್ಲೇ ಇಲ್ಲ."

"ಪಾಪ," ಅಂದೆ. ನನ್ನ ದನಿ ನನಗೇ ಹಂದಿಮರಿಯ ದನಿಯ ಹಾಗೆ ಕೇಳಿಸಿತು.

"ಪಾಪ ಯಾರಿಗೆ? ಆ ಕಳ್ಳನ ವಂಶದೋನು ಒಬ್ಬ ನನ್ನ ಕೈಗೆ ಸಿಗ್ಲಿ, ನೋಡ್ಕೋತೀನಿ," ಎಂದರು ಅತ್ತೆ, ಬೆಣ್ಣೆ ಹಚ್ಚುವ ಚಾಕುವನ್ನು ನನ್ನ ಕಡೆಗೇ ತಿರುಗಿಸಿ.

ಸುಗ್ಗಿ ಭೋಜನದ ದಿನ ಹತ್ತಿರ ಬಂತು. ನೆಗಡಿ ಎಂದೆ, ಥೆಲ್ಮಾ ಥರ್ಮಾಮೀಟರ್ ಇಟ್ಟಳು. ಕಾಲು ಉಳುಕಿದೆ ಎಂದೆ. ಯಾವ ಕಾಲು ಎಂದು ಕೇಳಿದಳು, ನಾನು ಉತ್ತರ ಕೊಡಲು ತುಸು ತಡಮಾಡಿದೆ. ಕೊನೆಗೆ ಟೈ ಕಟ್ಟಿಸಿ, ಹಗ್ಗ ಹಾಕಿದ ಪ್ರಾಣಿಯನ್ನು ಕರೆದೊಯ್ಯುವಂತೆ ಊರಿನ ಸಭಾಭವನಕ್ಕೆ ಕರೆದೊಯ್ದಳು.

ಭವನ ತುಂಬಿತ್ತು. ಗೋಧಿಯ ತೆನೆ, ಕುಂಬಳಕಾಯಿ, ಡೇಲಿಯಾ ಹೂವು, ಬೆಣ್ಣೆ ಹಚ್ಚಿದ ಪ್ಲಮ್ ಬ್ರೆಡ್ಡು. ನಡುಮೇಜಿನಲ್ಲಿ, ನನ್ನ ಗ್ರಹಚಾರಕ್ಕೆ, ಸೊಪ್ಪು ತುಂಬಿ ಬೇಯಿಸಿದ ಹಂದಿಯ ಬೆನ್ನಿನ ಮಾಂಸ. ಅತ್ತೆ ಮುಂದಿನ ಸಾಲಿನಲ್ಲೇ ಕೂತು ಅದರ ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿಸಿಕೊಂಡಿದ್ದರು. ಜೋಬ್ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದ, ಅನಾಥರಿಗೆ ಸೇಬು ಹಂಚುತ್ತಿದ್ದ ಎಂದೆಲ್ಲ ಕಲ್ಪಿಸಿಕೊಂಡು ಬಂದಿದ್ದೆ. ಎದ್ದು ನಿಂತು "ನನ್ನ ಪೂರ್ವಜ ಜೋಬ್..." ಎಂದು ಶುರು ಮಾಡಿದೆ. ಅತ್ತೆ ಮಾಂಸದ ತುಂಡನ್ನು ಫೋರ್ಕಿಗೆ ಚುಚ್ಚಿ ಮೇಲೆತ್ತಿ, ತಿನ್ನದೆ, ನನ್ನನ್ನೇ ನೋಡಿದರು.

"...ನಿಮ್ಮ ಹಂದಿ ಕದ್ದಿದ್ದು ಅವ್ನೇ ಅತ್ತೆ!" ಎಂದು ಬಾಯಿಂದ ಹಾರಿಯೇ ಹೋಯಿತು.

ಚಮಚ ಬಿದ್ದರೆ ಕೇಳಿಸುವಂಥ ಮೌನ. (ಬಿತ್ತು, ಕೇಳಿಸಿತು. ಥೆಲ್ಮಾಳದು.) ಇನ್ನೇನು, ಎಲ್ಲ ಹೇಳಿದೆ: ಕಟಕಟೆ, ಏಳು ವರ್ಷ, ಹಡಗು. ಜೇಬಿನಿಂದ ಕಾಗದ ತೆಗೆದು ತೋರಿಸಿದೆ. ಕಣ್ಣು ಮುಚ್ಚಿ ಬೆಣ್ಣೆ ಚಾಕುವಿಗಾಗಿ ಕಾದೆ.

ಚಾಕು ಬರಲಿಲ್ಲ. ಗೊಳ್ ಎಂಬ ನಗು ಬಂತು. ಅತ್ತೆಯದೇ!

"ವಿಲಿಯಂ ಡೌಸ್‌ದಾ?" ಎಂದು ಕಣ್ಣೊರೆಸಿಕೊಂಡರು. "ಆ ಜಿಪುಣನದಾ? ಕೂಲಿಯವ್ರಿಗೆ ಕೊಳೆತ ಟರ್ನಿಪ್ ಕೊಟ್ಟು, ಆ ಹಂದಿಗೆ ಹಾಲು ಕುಡಿಸ್ತಿದ್ನಂತೆ! ನಮ್ಮಜ್ಜನೇ ಅವನ ಹೆಸರು ಹೇಳಿ ಉಗೀತಿದ್ರು. ಭಲೇ ಜೋಬ್!"

ಹೆಂಡದಂಗಡಿಯ ಲೆನ್ ಮೇಜು ಗುದ್ದಿದ. "ಹಸಿದ ಮಕ್ಕಳಿಗೋಸ್ಕರ ಕದ್ದಿರ್ಬೇಕು! ಗಂಡಸು ಅಂದ್ರೆ ಅವ್ನು!" ಚಪ್ಪಾಳೆ ಬಿತ್ತು. ಗ್ಲಾಸುಗಳು ಮೇಲೆದ್ದವು. ಅತ್ತೆ ನನ್ನ ಕೈ ಹಿಡಿದು ಪಕ್ಕದವರಿಗೆ "ನಮ್ಮಳಿಯ" ಎಂದು ಪರಿಚಯಿಸಿದರು. ಮದುವೆಯಾದಾಗಿನಿಂದ ನಾನು ಅವರಿಗೆ 'ಥೆಲ್ಮಾ ಕಟ್ಕೊಂಡೋನು' ಆಗಿದ್ದೆ.

ಇಷ್ಟು ದಿನದ ಭಯ ಇಳಿದು ಹೋದ ಜಾಗಕ್ಕೆ ಏನೋ ಬಂದು ತುಂಬಿಕೊಂಡಿತು. ಅದು ಬುದ್ಧಿಯಲ್ಲ ಎಂಬುದು ಮಾತ್ರ ಖಂಡಿತ. "ಜೋಬ್ ಆ ಮಾಂಸದಲ್ಲಿ ಒಂದು ಚೂರನ್ನೂ ತಾನು ತಿನ್ಲಿಲ್ಲ," ಎಂದು ಸಾರಿದೆ. "ಊರಿನ ವಿಧವೆಯರಿಗೆ ಹಂಚಿದ. ಹಡಗು ಹತ್ತುವಾಗ್ಲೂ ತಲೆ ಬಗ್ಗಿಸ್ಲಿಲ್ಲ. ಅವನ ರಕ್ತ ಇಲ್ಲಿ ಹರೀತಿದೆ!" ಎಂದು ಎದೆಗೆ ಗುದ್ದಿಕೊಂಡೆ. ಗುದ್ದಿದ್ದು ಸ್ವಲ್ಪ ಜೋರಾಗಿ ಕೆಮ್ಮು ಬಂತು, ಜನ ಅದನ್ನೂ ಭಾವೋದ್ವೇಗ ಎಂದುಕೊಂಡರು. ಚರ್ಚಿನ ಅಂಗಳದಲ್ಲಿ ಜೋಬನ ನೆನಪಿಗೆ ಒಂದು ಬೆಂಚು ಹಾಕಿಸಬೇಕೆಂದು ಲೆನ್ ಕೂಗಿದ. ಎಲ್ಲರೂ ಕೈಯೆತ್ತಿದರು.

ಆಗ ಹಿಲರಿಯಮ್ಮ ನಗುನಗುತ್ತಾ ಒಂದು ಚೌಕಟ್ಟು ಹಿಡಿದು ಬಂದರು. "ನೆವಿಲ್ ಅವ್ರೇ, ನಿಮಗೊಂದು ಉಡುಗೊರೆ. ನಿಮ್ಮ ಅಮೋಸ್ ನಮ್ಮ ಚರ್ಚಲ್ಲೇ ನಾಮಕರಣ ಆದೋನು. ಅದರ ನಕಲಿಗೆ ಕಟ್ಟು ಹಾಕಿಸಿದ್ದೀನಿ. ಕೇಳಿ: 'ಅಮೋಸ್, ಜೋಬ್ ಮತ್ತು ಸೂಸನ್ನಾ ದಂಪತಿಯ ಮಗ, ಹುಟ್ಟಿ ಹತ್ತು ದಿನ, ೧೮೪೧.'"

ಮತ್ತೆ ಚಪ್ಪಾಳೆ. ಎಲ್ಲರೂ ತಟ್ಟಿದರು, ಥೆಲ್ಮಾ ಒಬ್ಬಳನ್ನು ಬಿಟ್ಟು. ಅವಳು ಬೆರಳು ಮಡಚುತ್ತಿದ್ದಳು.

"ನೆವಿಲ್, ಜೋಬ್ ಹಡಗು ಹತ್ತಿದ್ದು ಯಾವಾಗ ಅಂದೆ?"

"ಮೂವತ್ತೆಂಟರಲ್ಲಿ."

"ಏಳು ವರ್ಷಕ್ಕೆ?"

"ಏಳು ವರ್ಷಕ್ಕೆ."

"ಮತ್ತೆ ನಲವತ್ತೊಂದರಲ್ಲಿ ಇಲ್ಲಿ ಮಗು ಹ್ಯಾಗೆ ಹುಟ್ತು?"

ಚಪ್ಪಾಳೆ ಒಂದೊಂದಾಗಿ ನಿಂತಿತು. ಹಿಲರಿಯಮ್ಮ ಕೆಂಪಗಾದರು. "ಈಜ್ಕೊಂಡು ಬಂದು ಹೋದ್ನೇನೋ," ಎಂದ ಲೆನ್. ನನಗೆ ಕಿವಿಯೊಳಗೆ ಸಮುದ್ರವೇ ಮೊರೆದಂತಾಯಿತು. ನಾನು ಯಾರು? ಸೂಸನ್ನಾ ಏನು ಮಾಡಿದಳು? ಈ ವಯಸ್ಸಿನಲ್ಲಿ ಹೆಸರು ಬದಲಿಸಿಕೊಳ್ಳಬೇಕೇ?

ಥೆಲ್ಮಾ ನನ್ನ ಕೈಯಿಂದ ನ್ಯಾಯಾಲಯದ ಕಾಗದ ಕಿತ್ತುಕೊಂಡು, ಕನ್ನಡಕ ಹಾಕಿಕೊಂಡು, ನಾನು ಓದದೆ ಬಿಟ್ಟಿದ್ದ ಎರಡನೆಯ ಹಾಳೆ ತೆಗೆದಳು.

"ಇಲ್ಲೊಬ್ಬ ಸಾಕ್ಷಿ ಇದ್ದಾನೆ," ಅಂದಳು. "'ಕಿರಿಯ ಜೋಬ್ ಸ್ಕ್ರಿಮ್‌ಶಾ. ಆರೋಪಿಯ ಚಿಕ್ಕಪ್ಪನ ಮಗ. ಹೆಂಡತಿ ಸೂಸನ್ನಾ.'"

ಅಂದರೆ ಇಬ್ಬರು ಜೋಬ್, ನನ್ನವನು ಈ ಕಿರಿಯವನು! ಸದ್ಯ, ಸೂಸನ್ನಾ ಪತಿವ್ರತೆ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅತ್ತೆ, "ಓದು, ಮುಂದೆ ಓದು," ಎಂದರು. ಕಿವಿ ಈಗ ಚುರುಕಾಗಿತ್ತು.

ಥೆಲ್ಮಾ ಓದಿದಳು. ಹಂದಿ ಆರೋಪಿಯ ಅಟ್ಟದ ಮೇಲಿದೆ ಎಂದು ಡೌಸರಿಗೆ ಹೋಗಿ ಹೇಳಿದವನೇ ಈ ಕಿರಿಯ ಜೋಬ್. ಆಗಲೇ ತುಂಡು ತುಂಡಾಗಿದ್ದ ಹಂದಿ ಡೌಸರದೇ ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ನ್ಯಾಯಾಧೀಶರು ಕೇಳಿದ್ದಾರೆ. ಅದಕ್ಕವನು, 'ಸ್ವಾಮಿ, ರುಚಿಯಿಂದ ಗೊತ್ತಾಯಿತು,' ಎಂದಿದ್ದಾನೆ. ತಿಂದ ಮನೆಯ ಮೇಲೆ ದೂರು ಏಕೆ ಕೊಟ್ಟೆ ಎಂದದ್ದಕ್ಕೆ, 'ಅವನು ನನಗೆ ಕೊಟ್ಟದ್ದು ಬರೀ ಬಾಲ ಮತ್ತು ಒಂದು ಕಿವಿ,' ಎಂದಿದ್ದಾನೆ.

ಅತ್ತೆ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, ಕರವಸ್ತ್ರಕ್ಕೆ ಒರೆಸಿಕೊಂಡರು. "ಕಳ್ಳ ಆಗಿದ್ರೆ ಪರವಾಗಿರ್ಲಿಲ್ಲ," ಎಂದು ಪಕ್ಕದವರಿಗೆ ಹೇಳಿದರು, "ಥೆಲ್ಮಾ ಕಟ್ಕೊಂಡೋನು."

ಬೆಂಚಿನ ನಿರ್ಧಾರ ಮಾತ್ರ ಬದಲಾಗಲಿಲ್ಲ. ಊರಿಗೆ ಕಳ್ಳ ಜೋಬ್ ಇಷ್ಟವಾಗಿಬಿಟ್ಟಿದ್ದ, ಯಾರ ವಂಶದವನಾದರೇನು? ಬೆಂಚಿಗೆ ಉಜ್ಜಿ ವಾರ್ನಿಷ್ ಹಚ್ಚುವ ಕೆಲಸ ಯಾರಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಇಡೀ ವಾರ ಹಚ್ಚಿದೆ. ಬೆಂಚು ಅಂಗಳಕ್ಕೆ ಬಂದ ಮೊದಲ ದಿನ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋಗಿ, ಧೂಳು ಒರೆಸಿ, ಕೂರಿಸಿದೆ. ನನಗೂ ಬೆನ್ನು ನೋಯುತ್ತಿತ್ತು. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಮೆಲ್ಲಗೆ ಕೂರಲು ಬಗ್ಗಿದೆ.

ಅತ್ತೆ ತಮ್ಮ ಕೈಚೀಲವನ್ನು ಆ ಜಾಗದಲ್ಲಿಟ್ಟರು.

"ನೀನು ನಿಂತ್ಕೋ," ಅಂದರು. "ಇದು ಕಳ್ಳರ ಬೆಂಚು. ಮರ್ಯಾದಸ್ಥರಿಗೆ."