ನಮ್ಮನಿಯವ್ರ ಕೈಗೆ ಬ್ಯಾಂಡ್ ಕಟ್ಟಿದ ಮ್ಯಾಲ

ಮೊಬೈಲ್ ಅಂಗಡಿ ಇಟ್ಟವರ ಮನ್ಯಾಗ ಮೊಬೈಲಿನ ತಂಟೆ ಇರಂಗಿಲ್ಲ ಅಂತ ಯಾರರೆ ತಿಳಕೊಂಡಿದ್ರ, ಅವರು ಒಂದಿನ ನಮ್ಮ ಮನಿಗೆ ಬಂದು ಹೋಗ್ಲಿ. ಚಹಾ ಕುಡಿಸಿ, ಎಲ್ಲಾ ತಿಳಿಸೇ ಕಳಸ್ತೀನಿ.

ಸಿದ್ಧೇಶ್ವರ ಗುಡಿ ಹಿಂದಿನ ಓಣ್ಯಾಗ ನಮ್ಮದೊಂದು ರಿಪೇರಿ ಅಂಗಡಿ ಐತಿ. ಖರೇ ಅಂದ್ರ ಅದು ನಮ್ಮನಿಯವ್ರದು. ಇಪ್ಪತ್ತು ವರ್ಷ ಕುಂತಲ್ಲೇ ಕುಂತು ಸ್ಕ್ರೂ ಬಿಚ್ಚಿ ಸ್ಕ್ರೂ ಹಾಕಿದ ಮನಷ್ಯಾ, ಹೋದ ದೀಪಾವಳಿ ಮುಂದ ಎದಿ ಹಿಡಕೊಂಡು ಕೌಂಟರ್ ಮ್ಯಾಲ ಒರಗಿಬಿಟ್ರು. ದವಾಖಾನ್ಯಾಗ ಸ್ಟೆಂಟ್ ಹಾಕಿದ್ರು. ಕಳಸೂ ಮುಂದ ಡಾಕ್ಟರು ನನ್ನ ಕಡೆ ನೋಡಿ, "ಅವ್ವಾರ, ನಮ್ಮ ಕೆಲಸ ಮುಗೀತು, ಇನ್ನ ನಿಮ್ಮದು. ದಿನಾ ನಡಸ್ರಿ. ನಡೀಲಿಲ್ಲಂದ್ರ ಮತ್ತ ಇಲ್ಲೇ ಭೇಟಿ" ಅಂದ್ರು.

ಅವತ್ತಿನಿಂದ ಅಂಗಡ್ಯಾಗ ನಾ ಕುಂತೆ. ಅವರ ಕೈಗೆ ಹೆಜ್ಜಿ ಎಣಿಸೂ ಬ್ಯಾಂಡ್ ಕಟ್ಟಿದೆ. ಅದರ ಆ್ಯಪ್ ಅವರ ಫೋನಿನ್ಯಾಗ ಹಾಕಿ, ಎಷ್ಟ್ ನಡದ್ರು, ಎದಿ ಎಷ್ಟ್ ಬಡೀತು ಅನ್ನೂದೆಲ್ಲಾ ಅಂಗಡ್ಯಾಗಿನ ನನ್ನ ಫೋನಿಗೂ ಬರೂ ಹಂಗ ಮಾಡಿದೆ. ಈ ಸೆಟ್ಟಿಂಗ್ಸ್ ಮಾಡೂ ವಿದ್ಯಾ ನನಗ ಕಲಿಸಿದವರೂ ಅವರ. ಕಲಿಸಿದ್ದಕ್ಕ ಆಮ್ಯಾಲ ಭಾಳ ಸಲ ಮರಮರ ಮರಗ್ಯಾರ.

ಒಂದು ಗೀಟು

ಮೊದಲನೇ ವಾರ ದಿನಾ ಮುಂಜಾನೆ ಭೂತನಾಳ ಕೆರಿ ಕಡೆ ನಡ್ಯಾಕ ಹೋದ್ರು. ಒಂದಿನ ಒಂಬತ್ತಕ್ಕ ಅಂಗಡಿ ತಗದು ಫೋನ್ ನೋಡ್ತೀನಿ, ಹೆಜ್ಜಿ ಸೊನ್ನಿ. ಎದಿ ಬಡಿತ ತೋರಸೂ ಜಾಗಾದಾಗ ಅಂಕಿನ ಇಲ್ಲ, ಬರೇ ಒಂದು ಗೀಟು.

ಫೋನ್ ಹಚ್ಚಿದೆ, ಎತ್ತಲಿಲ್ಲ. ಮತ್ತ ಹಚ್ಚಿದೆ, ಎತ್ತಲಿಲ್ಲ. ಯಾವ್ ದೇವರಿಗೆ ಏನ್ ಬೇಡಿಕೊಂಡ್ನೋ ನನಗ ನೆನಪಿಲ್ಲ. ಅಂಗಡಿ ಬಾಗಲಾನೂ ಹಾಕದ, ಸ್ಕೂಟಿ ಹತ್ತಿ ಕೆರಿಗೆ ಹೊಡದೆ. ಅಲ್ಲಿ ನೋಡಿದ್ರ ಈ ಪುಣ್ಯಾತ್ಮ ಕೆರಿ ಏರಿ ಮ್ಯಾಲ ಕೈ ಬೀಸ್ಕೋತ, ಯಾರೋ ಗೊತ್ತಿಲ್ಲದವರಿಗೆ ಫೋನ್ ಹೆಂಗ ಇಟ್ಕೋಬೇಕು ಅಂತ ಉಪದೇಶ ಮಾಡ್ಕೋತ ನಡದಾರ! ಅವರ ಫೋನು ಕಿಸೇದಾಗ ಆವಾಜಿಲ್ಲದ ಬಿದ್ದಿತ್ತು.

ನಾ ಅಲ್ಲೇ ಕಲ್ಲಿನ ಮ್ಯಾಲ ಕುಂತು ಅತ್ತೆ. ಅವರು ಗಾಬರಿಯಾಗಿ ಫೋನ್ ತಗದು ನೋಡಿದ್ರು. ಬ್ಯಾಟರಿ ಉಳಸಾಕಂತ ಫೋನು ತಾನ ಆ್ಯಪ್ ಬಂದ್ ಮಾಡಿತ್ತು.

"ನಾ ಸತ್ತಿಲ್ಲ, ಆ್ಯಪ್ ಸತ್ತೈತಿ" ಅಂದ್ರು.

ಅಲ್ಲೇ ಕುಂತು ಸೆಟ್ಟಿಂಗ್ಸ್ ತಗದೆ. ಬ್ಯಾಟರಿ ಒಳಗ ಹೋಗಿ, ಆ ಆ್ಯಪಿನ ಮುಂದ 'ನಿರ್ಬಂಧ ಇಲ್ಲ' ಅನ್ನೂದನ್ನ ಒತ್ತಿದೆ. ಹೆಗಲ ಮ್ಯಾಗಿಂದ ಬಗ್ಗಿ ನೋಡಿದವರು ಒಂದು ದೊಡ್ಡ ಉಸಿರು ಬಿಟ್ರು. "ಉಪ್ಪಿನಕಾಯಿ ಬಂದ್, ಭಜಿ ಬಂದ್, ತುಪ್ಪಾ ಬಂದ್. ಈ ಮನ್ಯಾಗ ನಿರ್ಬಂಧ ಇಲ್ಲದ್ದು ಇದೊಂದ ನೋಡು."

ಬಬಲೇಶ್ವರದ ಚುಕ್ಕಿ

ಆ ಗಾಬರಿ ಆದ ಮ್ಯಾಲ, ಆ್ಯಪಿಗೆ ಅವರ ಜಾಗಾ ಯಾವಾಗ್ಲೂ ನೋಡೂ ಅನುಮತಿ ಕೊಟ್ಟುಬಿಟ್ಟೆ. ಅವರು ಎಲ್ಲೆಲ್ಲಿ ಹೋಗ್ತಾರ ಅಲ್ಲೆಲ್ಲಾ ನಕ್ಷ್ಯಾಗ ಗೆರಿ ಬೀಳತೈತಿ. ಅವರಿಗೆ ಹೇಳಲಿಲ್ಲ. ಹೇಳಿದ್ರ ಬಂದ್ ಮಾಡ್ತಿದ್ರು.

ಒಂದಿನ ಮಧ್ಯಾಹ್ನ ಗೆರಿ ಊರ ದಾಟಿತು. ದಾಟಿದ್ದು ಹಂಗ ಬಬಲೇಶ್ವರದ ರಸ್ತಾ ಹಿಡದು ಹೊಂಟೇ ಬಿಟ್ಟಿತು. ಬಸ್ಸಿನ್ಯಾಗ ಕುಂತಾರ ಅನ್ನೂದು ಆ್ಯಪಿಗೇನ್ ಗೊತ್ತು? "ಶಾಬಾಸ್! ಇವತ್ತು ಭಾರಿ ವೇಗ!" ಅಂತ ನನಗ ಸಂದೇಶ ಕಳಸಿತು. ಗೆರಿ ಹೋಗಿ ಅವರ ಅಕ್ಕನ ಮನಿ ಮ್ಯಾಲ ಚುಕ್ಕಿಯಾಗಿ ನಿಂತಿತು.

ಅಕ್ಕಾರಿಗೆ ಫೋನ್ ಹಚ್ಚಿದೆ. "ಅಕ್ಕಾರ, ನಿಮ್ಮ ತಮ್ಮಾರು ಬಂದಾರೇನ್ರಿ?"

"ಇಲ್ಲವ್ವಾ! ಅಂವ ಇಲ್ಲಿ ಯಾಕ ಬರ್ತಾನ?"

"ನಕ್ಷ್ಯಾಗ ನಿಮ್ಮ ಮನಿ ಮ್ಯಾಲ ಚುಕ್ಕಿ ನಿಂತೈತ್ರಿ."

ಆ ಕಡೆ ಅಕ್ಕಾರ ಹಿಂದ ತಾಟು ಸರಿಸಿದ ಸಪ್ಪಳಾ ಆತು.

"ನಿನ್ನ ನಕ್ಷೆಗೆ ಅಷ್ಟೆಲ್ಲಾ ಗೊತ್ತಿದ್ರ ತಾಟಿನ್ಯಾಗ ಏನೈತಿ ಅನ್ನೂದೂ ಅದನ್ನ ಕೇಳವಾ" ಅಂದ್ರು ಅಕ್ಕಾರು. ಆಮ್ಯಾಲ ದನಿ ಸಣ್ಣ ಮಾಡಿ, "ಎರಡ ಹೋಳಿಗಿ. ತುಪ್ಪಾ ಬರೇ ವಾಸನಿಗೆ ಹಾಕೇನಿ. ಬೈಬ್ಯಾಡ, ಎಳೆ ಮಗಾ ತಿಂದಂಗ ತಿನ್ನಾಕತ್ತಾನ."

ಕೇಳೂದ ಬಿಟ್ಟ ಫೋನು

ಇದ ಹೊತ್ತಿನ್ಯಾಗ ತಿಕೋಟಾದಿಂದ ಒಬ್ಬ ಅಜ್ಜಾರು ಅಂಗಡಿಗೆ ಬಂದ್ರು. ದ್ರಾಕ್ಷಿ ತೋಟದವರು, ತಲಿಗೆ ರುಮಾಲು, ಕೈಗೆ ಮೊಮ್ಮಗಳು ಕೊಡಿಸಿದ ಬ್ಯಾಂಡು. ಅದರ ಆ್ಯಪು ದಿನಾ ಅನುಮತಿ ಕೇಳತೈತಿ ಅಂದ್ರು. ಜಾಗಾ ನೋಡ್ಲ್ಯಾ, ಹೆಜ್ಜಿ ಎಣಿಸ್ಲ್ಯಾ, ಸಂದೇಶ ತೋರಸ್ಲ್ಯಾ. ನಾ ಎಲ್ಲಾದಕ್ಕೂ 'ಯಾವಾಗ್ಲೂ' ಅಂತ ಒತ್ತಿ ಕೊಟ್ಟೆ. ಐದು ನಿಮಿಷದ ಕೆಲಸ.

ಮೂರನೇ ದಿನ ಅಜ್ಜಾರು ಮತ್ತ ಬಂದ್ರು. ಮಾರಿ ಸಣ್ಣದಾಗಿತ್ತು.

"ತಂಗಿ, ಏನ್ ಮಾಡಿಬಿಟ್ಟಿ? ಅದು ಕೇಳೂದ ಬಿಟ್ಟೈತಿ."

"ಚಲೋ ಆತಲ್ರಿ ಅಜ್ಜಾರ, ತ್ರಾಸ ತಪ್ಪಿತು."

"ಎಂಥಾ ತ್ರಾಸವಾ? ಹೊಸಾ ಬೋರ್ ಹೊಡಿಸಿದ್ರು, ನನ್ನ ಕೇಳಲಿಲ್ಲ. ಟ್ರ್ಯಾಕ್ಟರ್ ಬದಲಿ ಮಾಡಿದ್ರು, ಕೇಳಲಿಲ್ಲ. ಮನ್ಯಾಗ ಹದಿನಾಕ ಮಂದಿ ಅದೀವಿ, ನನ್ನ ಅನುಮತಿ ಕೇಳೂದು ಇದೊಂದ ಇತ್ತು. ಇದನ್ನೂ ಬಾಯಿ ಮುಚ್ಚಿಸಿದಿ."

ಎಲ್ಲಾ ತಗದು, 'ಪ್ರತಿ ಸಲ ಕೇಳು' ಅಂತ ಇಟ್ಟೆ. ಅಂಗಡ್ಯಾಗ ನಿಂತಾಗಲೇ ಫೋನು ಒಂದು ಸಲ ಕೇಳಿತು. ಅಜ್ಜಾರು ಕನ್ನಡಕಾ ಏರಿಸಿ, ಸುತ್ತ ನಾಕ ಮಂದಿ ನೋಡ್ಯಾರೋ ಇಲ್ಲೋ ಅಂತ ಖಾತ್ರಿ ಮಾಡ್ಕೊಂಡು, ಗಂಭೀರಾಗಿ 'ಬ್ಯಾಡ' ಒತ್ತಿದ್ರು.

ಅವತ್ತು ಮನಿಗೆ ಹೋಗೂ ಮುಂದ ನನ್ನ ಮ್ಯಾಲ ನನಗ ನಾಚಿಕಿ ಬಂತು. ನಮ್ಮನಿಯವ್ರಂಥಾ ಬುದ್ಧಿವಂತ ಮನಷ್ಯಾನ್ನ ಎರಡು ತಿಂಗಳಿಂದ ನಾ ಒಂದ್ ಮಾತೂ ಕೇಳದ ಕಾವಲಾ ಕಾದೇನಿ. ಊಟಕ್ಕ ಕುಂತಾಗ ಕೇಳಿದೆ. "ಏನ್ರಿ, ನೀವು ಎಲ್ಲಿ ಹೋಗ್ತೀರಿ ಅಂತ ನಕ್ಷ್ಯಾಗ ನಾ ನೋಡ್ಲ್ಯಾ, ಬ್ಯಾಡ?"

"ಬ್ಯಾಡ" ಅಂದ್ರು. ಹೆಣ್ಣು ನೋಡಾಕ ಬಂದಾಗ ನನ್ನ ಒಪ್ಪಾಕ ಎಂಟು ದಿನಾ ತೊಗೊಂಡ ಮನಷ್ಯಾ, ತುತ್ತು ನುಂಗೂದ್ರಾಗ ಉತ್ತರಾ ಕೊಟ್ರು.

ಕುಂತಲ್ಲೇ ನಡಿಗಿ

ನಕ್ಷೆ ಬಂದ್ ಮಾಡಿದೆ. ಹೆಜ್ಜಿ ಅಷ್ಟ ನೋಡ್ತೀನಿ ಅಂದೆ. ಅದಕ್ಕ ಒಪ್ಪಿದ್ರು.

ಹೆಜ್ಜಿ ಏನ್ ಬಂದೂ ಅಂತೀರಿ! ಮುಂಜಾನಿದು ಸರಿ. ಸಂಜೀ ಆರೂವರಿ ಆತಂದ್ರ ಮತ್ತ ಚಾಲೂ, ಏಳೂವರಿತನಕ ಮೂರು ಸಾವಿರ. ನಾ ಹಿಗ್ಗಿ ಹೀರಿಕಾಯಿ ಆಗಿದ್ದೆ. ಡಾಕ್ಟರ ಕಡೆ ಹೋಗೂದು ಮೂರು ದಿನಾ ಉಳದಿತ್ತು. ಆಗೊಂದಿನ ಸಂಜೀ ಏಳಕ್ಕ, ಹಾಲು ತರ್ಲೇನು ಅಂತ ಕೇಳಾಕ ಅಂಗಡಿ ಫೋನಿಂದ ಮನಿಗೆ ಹಚ್ಚಿದೆ. ನಾ ಅಂಗಡ್ಯಾಗ ಕುಂತ ಮ್ಯಾಲ ಮನ್ಯಾಗ ರೊಟ್ಟಿ-ಪಲ್ಯಾ ನೋಡ್ಕೊಳ್ಳೂ ನಮ್ಮ ಅತ್ತಿ ಎತ್ತಿದ್ರು.

"ಅವರು ನಡ್ಯಾಕ ಹೋಗ್ಯಾರೇನ್ರಿ?"

"ಇಲ್ಲಾ, ಇಲ್ಲೇ ಕುಂತಾನ."

ಇನ್ನೊಂದು ಕೈಯಾಗ ನನ್ನ ಫೋನು, ಅದರಾಗ ಆ್ಯಪು ತಗದ ಇತ್ತು. ಸಂಜೀ ಹೆಜ್ಜಿ ಏರಾಕತ್ತಿದ್ದೂ. ಸಾವಿರದಾ ಒಂಬೈನೂರು. ಸಾವಿರದಾ ಒಂಬೈನೂರಾ ನಲವತ್ತು.

"ಅತ್ತಿ, ಕುಂತಾರೋ, ನಡ್ಯಾಕತ್ತಾರೋ?"

"ಕಣ್ಮುಂದ ಕುಂತಾನಂದ್ರ ನಂಬಂಗಿಲ್ಲಲ್ಲ!" ಅಂದು ಇಟ್ಟುಬಿಟ್ರು.

ತಿಳೀತು. ಬ್ಯಾಂಡು ಬ್ಯಾರೆ ಯಾರದೋ ಕೈಗೆ ಕಟ್ಟ್ಯಾರ. ನನಗ ಸುಳ್ಳು ಹೇಳಿದ್ರ ಹೇಳವಲ್ರ್ಯಾಕ, ಡಾಕ್ಟರಿಗೆ ಸುಳ್ಳು ಅಂಕಿ ತೋರಿಸಿ, ಅವರು ಅದನ್ನ ನಂಬಿ ಗುಳಿಗಿ ಕಡಿಮಿ ಮಾಡಿದ್ರ? ಅಂಗಡಿ ಬಂದ್ ಮಾಡಿ, ಗಾಡಿ ಓಣಿ ತುದಿಗೇ ನಿಲ್ಲಿಸಿ, ಸಪ್ಪಳಿಲ್ಲದ ಒಳಗ ಹ್ವಾದೆ.

ಅಡಗಿಮನ್ಯಾಗಿಂದ ಪಟಪಟ ಸಪ್ಪಳಾ. ಅತ್ತಿ ಹೊಸ್ತಿಲ ಕಡೆ ಕಾಲು ಚಾಚಿ ಕುಂತು, "ಅಂಚಿಗೆ ಬಡಿಯೋ, ನಡಕ ಬ್ಯಾಡ" ಅನ್ನಾಕತ್ತಾರ. ಒಳಗ ನಮ್ಮನಿಯವ್ರು. ಚಕ್ಕಳಮಕ್ಕಳ ಹಾಕ್ಕೊಂಡು, ಬನಿಯನ್ ಮ್ಯಾಲ, ಮೊಣಕೈತನಕ ಜ್ವಾಳದ ಹಿಟ್ಟು ಬಡಕೊಂಡು, ರೊಟ್ಟಿ ಬಡ್ಯಾಕತ್ತಾರ! ಬಡದ ಕೈಯಾಗ ಬ್ಯಾಂಡು. ಒಂದೊಂದು ಪೆಟ್ಟಿಗೂ ಒಂದೊಂದು ಹೆಜ್ಜಿ.

ನನ್ನ ನೋಡಿದ ಕೂಡ್ಲೇ ಕೈ ಅಲ್ಲೇ ನಿಂತೂ. ನನ್ನ ಪರ್ಸಿನ್ಯಾಗ ಫೋನು ಗುರ್ ಅಂತು, ಎದಿ ಬಡಿತ ಜಾಸ್ತಿ ಆಗೈತಿ ಅಂತ.

"ಬಾಗಲಾ ಹಾಕು ಮೊದ್ಲ, ಓಣಿ ಮಂದಿ ನೋಡ್ಯಾರು" ಅಂದ್ರು. ಆಮ್ಯಾಲ ಹಿಟ್ಟಿನ ಕಡೆ ನೋಡ್ಕೋತ, "ಮುಂಜಾನೆ ನಾ ಖರೇನ ನಡೀತೀನಿ, ದೇವರಾಣಿ. ಇದನ್ನೂ ಅದು ಎಣಿಸಿದ್ರ ನಾ ಏನ್ ಮಾಡ್ಲಿ? ತಗದಿಟ್ರ ನಿನಗ ಗೀಟು ಕಾಣತೈತಿ, ಅಳಕೋತ ಓಡಿ ಬರ್ತಿ."

"ರೊಟ್ಟಿ ಯಾಕ ಬಡೀಬೇಕ್ರಿ ನೀವು?"

"ನನ್ನ ಬದಲಿ ನೀ ದಿನಾಪೂರ್ತಿ ಅಂಗಡ್ಯಾಗ ಕುಂದರ್ತಿ. ನಿನ್ನ ಬದಲಿ ನಾ ಇಲ್ಲರೆ ಕುಂದರಬಾರದೇನು?"

ಅಲ್ಲೇ ಅವರ ಬಾಜೂಕ ಕುಂತೆ. ಇಂಥಾ ಮನಷ್ಯಾನ್ನ ಉಳಿಸಿಕೊಟ್ಯಲ್ಲಪ್ಪಾ ಅಂತ ಒಳಗೊಳಗ ಕೈ ಮುಗದೆ. ಡಾಕ್ಟರ ಕಡೆ ಮುಂಜಾನಿ ಹೆಜ್ಜಿ ಅಷ್ಟ ತೋರಸೂದು ಅಂತ ಇಬ್ಬರೂ ಮಾತಾಡ್ಕೊಂಡ್ವಿ.

ಅತ್ತಿಗೆ ಇದೆಲ್ಲಾ ಬ್ಯಾಡಾಗಿತ್ತು. "ಆತಿಲ್ಲೋ ನಿಮ್ಮದು? ಈಗ ನನ್ನ ನ್ಯಾಯಾ ಹೇಳ್ರಿ. ಒಂದು ತಿಂಗಳಾತು. ಅತ್ತಿ, ರೊಟ್ಟಿ ದಪ್ಪ ಆಗ್ಯಾವ, ಅಂಚು ಒಡದಾವ, ನಿಮ್ಮ ಕೈ ಸೋತಾವ ಅಂತ ದಿನಾ ಅಂದಿ. ಮಗನ ಗುಟ್ಟು ಬಿಡಬಾರದಂತ ಎಲ್ಲಾ ನುಂಗಿಕೊಂಡು ಕುಂತೆ. ಈಗ ಮಾಡಿದಾಂವ ಇಲ್ಲೇ ಅದಾನ. ತಿಂದು ನೋಡಿ ಅವಂಗ ಅನ್ನು."

ಬುಟ್ಟ್ಯಾಗಿಂದ ಒಂದು ರೊಟ್ಟಿ ತೊಗೊಂಡೆ. ಒಂದು ಕಡೆ ಬೆರಳಷ್ಟು ದಪ್ಪ, ಇನ್ನೊಂದು ಕಡೆ ತೂತು. ಮುರದು ಬಾಯಾಗ ಇಟ್ಟೆ. ಅವರು ಹಿಟ್ಟಿನ ಕೈ ಹಂಗ ಹಿಡಕೊಂಡು ನನ್ನ ಮಾರೀನ ನೋಡಾಕತ್ತಿದ್ರು.

"ಭಾಳ ಚಲೋ ಆಗ್ಯಾವ್ರಿ" ಅಂದೆ.

ಅತ್ತಿ ಹಣಿ ಬಡಕೊಂಡ್ರು. "ನೋಡಿದ್ಯಾ! ಅತ್ತಿ ಮಾಡಿದ್ದು ಅಂದಾಗ ದಪ್ಪ, ಗಂಡ ಮಾಡಿದ್ದು ಅಂದ ಕೂಡ್ಲೇ ತೆಳ್ಳಗ!"