ಮೊದಲ ಹಲ್ಲಿನ ಗೋಧಿ

ಈ ಸಲ ಯಾರ ಕೈಯನ್ನೂ ಪಾತ್ರೆಯ ಹತ್ತಿರ ಸುಳಿಯಗೊಡುವುದಿಲ್ಲ ಎಂದು ಇಪೆಕ್ ಬೆಳಗಿನ ಚಹಾದ ಮುಂದೆ ಘೋಷಿಸಿದಳು. ಮಗ ದೋರುಕ್‌ಗೆ ಮೊದಲ ಹಲ್ಲು ಮೂಡಿದಾಗ ಸಂಪ್ರದಾಯದ ಹಲ್ಲುಗೋಧಿ ಬೇಯಿಸುವವಳು ಅವಳೇ, ಸಕ್ಕರೆ ಬೆರೆಸುವವಳು ಅವಳೇ, ಕಟ್ಟಡದವರನ್ನೆಲ್ಲ ಕರೆದು ಬಟ್ಟಲು ತುಂಬಿ ಕೊಡುವವಳೂ ಅವಳೇ. ರಾಜ್ಯ ಕಟ್ಟಲು ಹೊರಟವರು ಕೂಡ ಇಷ್ಟು ಗಂಭೀರವಾಗಿ ಮಾತಾಡಿರಲಿಕ್ಕಿಲ್ಲ.

ಗಂಡ ಓಕ್ತಾಯ್ ಆಲಿವ್ ಬೀಜವನ್ನು ತಟ್ಟೆಯ ಅಂಚಿಗೆ ಇಟ್ಟು ಕೇಳಿದ, “ಗೋಧಿ ಬೇಯಿಸೋಕೆ ಬರುತ್ತಾ ನಿಂಗೆ?”

“ಗೋಧಿ, ನೀರು, ಬೆಂಕಿ. ಅದರಲ್ಲಿ ಬರೋದೇನಿದೆ?”

“ಸರಿ. ಹಲ್ಲು?”

“ಬರುತ್ತೆ,” ಎಂದಳು ಇಪೆಕ್, ಸ್ವಲ್ಪ ಮೆತ್ತಗೆ.

ಹಲ್ಲಿನ ಮಾತು ಬಂದರೆ ಅವಳ ದನಿ ಮೆತ್ತಗಾಗುತ್ತಿತ್ತು. ಮೇಲಿನ ಮನೆಯ ಶುಕ್ರಾನಕ್ಕನ ಮೊಮ್ಮಗಳು ಆರು ತಿಂಗಳಿಗೇ ಬಿಸ್ಕತ್ತು ಕಡಿದಿದ್ದಳು. ದೋರುಕ್‌ಗೆ ಎಂಟು ತುಂಬಿತ್ತು, ಬಾಯಲ್ಲಿ ಜೊಲ್ಲು ಬಿಟ್ಟರೆ ಬೇರೇನಿಲ್ಲ. ಇಪೆಕ್ ದಿನಕ್ಕೆ ಎಷ್ಟು ಸಲ ಆ ಬಾಯಿಯೊಳಗೆ ಇಣುಕುತ್ತಿದ್ದಳೆಂದರೆ, ಅಮ್ಮನ ಮುಖ ಕಂಡೊಡನೆ ಮಗು ತುಟಿ ಬಿಗಿಯುವುದನ್ನು ಕಲಿತುಬಿಟ್ಟಿತ್ತು.

ಇಪೆಕ್ ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು, ಹೆತ್ತಿದ್ದು ಎಲ್ಲ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಓಕ್ತಾಯ್‌ಗೆ ತನ್ನೂರು, ಟರ್ಕಿಯ ಎಸ್ಕಿಶೆಹಿರ್‌ನಲ್ಲೇ ಕೆಲಸ ಸಿಕ್ಕಿತೆಂದು ಚಳಿಗಾಲ ಮುಗಿಯುತ್ತಲೇ ಬಂದಿಳಿದಿದ್ದರು. ಇಪೆಕ್‌ಗೆ ಈ ನಾಡಿನ ಭಾಷೆ ಗೊತ್ತಿತ್ತು, ಈ ಕಟ್ಟಡದ ಮೆಟ್ಟಿಲು ಗೊತ್ತಿರಲಿಲ್ಲ. ಮಗುವನ್ನೆತ್ತಿಕೊಂಡು ಮೂರನೇ ಮಹಡಿಯಿಂದ ಬೀದಿಗಿಳಿಯುವಷ್ಟರಲ್ಲಿ ಒಬ್ಬರು ಕಾಲುಚೀಲ ಎಲ್ಲಿ ಅನ್ನುವರು, ಇನ್ನೊಬ್ಬರು ಕಿವಿಗೆ ಗಾಳಿ ಹೊಡೆಯುತ್ತೆ ಅನ್ನುವರು, ಮತ್ತೊಬ್ಬರು ದೃಷ್ಟಿಮಣಿ ಇಲ್ಲದ ಅಂಗಿಯ ಭುಜಕ್ಕೆ ತಾವೇ ಒಂದನ್ನು ಪಿನ್ನಿನಿಂದ ಚುಚ್ಚಿ ಕಳಿಸುವರು. ಅವಳು ಕೆಳಗಿಳಿದ ಮೇಲೆ ಮೆಟ್ಟಿಲಲ್ಲಿ ಉಳಿಯುತ್ತಿದ್ದ ಮಾತು ಒಂದೇ: “ಪಾಪ, ಜರ್ಮನಿ ಸೊಸೆ. ಅವಳಿಗೇನು ಗೊತ್ತು.”

ಆ ‘ಪಾಪ’ ಅವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಹಲ್ಲುಗೋಧಿಯೊಂದನ್ನು ತಾನೇ ಬೇಯಿಸಿ ಬಡಿಸಿದರೆ ಆ ಹೆಸರು ಕಳಚಿ ಬೀಳುತ್ತದೆಂದು ಅವಳ ಲೆಕ್ಕ.

ಶನಿವಾರ ಸಂತೆಯ ದಿನ. ಎದುರು ಮನೆಯಲ್ಲೇ ಇರುವ ಅತ್ತೆ ನೆಜ್ಮಿಯೆಯ ತೊಡೆಯ ಮೇಲೆ ಮಗುವನ್ನು ಕೂರಿಸಿ ಇಪೆಕ್ ಎಂದಿನ ಪಾಠ ಒಪ್ಪಿಸಿದಳು. “ಅಮ್ಮ, ಬೇಯಿಸಿದ ಕ್ಯಾರೆಟ್ ಡಬ್ಬಿಯಲ್ಲಿದೆ. ಉಪ್ಪಿಲ್ಲ, ಬೆಣ್ಣೆಯಿಲ್ಲ. ಅನ್ನ ಈಗಲೇ ಬೇಡ, ಹಲ್ಲು ಬರೋ ತನಕ ಕೊಡಬಾರದು ಅಂತ ಅಲ್ಲಿನ ದಾದಿ ಹೇಳಿದ್ದಾಳೆ.”

“ಹೂಂ ಮಗಳೇ,” ಎಂದಳು ನೆಜ್ಮಿಯೆ. ನಾಲ್ಕು ಮಕ್ಕಳನ್ನು ಬೆಳೆಸಿದ ಹೆಂಗಸು ಅಷ್ಟು ಬೇಗ ‘ಹೂಂ’ ಅಂದರೆ ಅನುಮಾನಪಡಬೇಕು. ಇಪೆಕ್‌ಗೆ ಸಂತೆಯಲ್ಲಿ ಬದನೆಕಾಯಿ ಮುಗಿದುಹೋದೀತೆಂಬ ಅವಸರ.

ಸಂತೆಯಿಂದ ಬಂದು ಚೀಲ ಇಳಿಸಿದಾಗ ಮಗು ನಿದ್ದೆಗೆ ಜಾರುತ್ತಿತ್ತು, ಬಾಯಿ ತೆರೆದಿತ್ತು. ಇಪೆಕ್ ಬಗ್ಗಿದಳು. ಕೆಳವಸಡಿನ ನಡುವೆ ಬೆಳ್ಳಗೆ, ಪುಟ್ಟಗೆ, ಮಿರಿಮಿರಿ ಮಿಂಚುತ್ತ ಕೂತಿತ್ತು.

“ಅಮ್ಮ! ಹಲ್ಲು!”

ನೆಜ್ಮಿಯೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. “ನಾನು ನೋಡಲಿಲ್ಲಪ್ಪ. ನೀನು ನೋಡಿದ್ದು ಲೆಕ್ಕಕ್ಕಿಲ್ಲ, ನೀನು ಹೆತ್ತವಳು.”

ಆ ಊರಿನ ಕಟ್ಟಳೆ ಅದು. ಹೊಸ ಹಲ್ಲನ್ನು ಮೊದಲು ಕಂಡವರು ಮಗುವಿಗೆ ತಲೆಯಿಂದ ಕಾಲಿನವರೆಗೆ ಹೊಸ ಬಟ್ಟೆ ತೊಡಿಸಬೇಕು. ಹಾಗಾಗಿ ಹಲ್ಲು ಬರುವ ವಯಸ್ಸಿನ ಮಗು ನಕ್ಕರೆ ಸುತ್ತಲಿನ ದೊಡ್ಡವರೆಲ್ಲ ಸೂರು ನೋಡುವುದು ರೂಢಿ. ಅಂಥ ಕಟ್ಟಳೆಯಿರುವ ಊರಲ್ಲಿ ಯಾರೂ ಹತ್ತಿರ ಬಂದು ‘ಎಲ್ಲಿ, ತೋರಿಸು’ ಅನ್ನುವುದಿಲ್ಲ ಎಂಬುದು ಇಪೆಕ್‌ಗೆ ಹೊಳೆಯಲಿಲ್ಲ. ಅವಳು ಮೆಟ್ಟಿಲ ಕಟಾಂಜನಕ್ಕೆ ಆತು ಕೂಗಿ ಹೇಳಿದಳು. ಶುಕ್ರಾನಕ್ಕ ಅದನ್ನು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದಳು. ಹತ್ತು ಹೃದಯ, ಎಂಟು ದೃಷ್ಟಿಮಣಿ, ಒಂದು ಕುಣಿಯುವ ಕುರಿಮರಿ ಬಂದವು. ಭಾನುವಾರ ಮಧ್ಯಾಹ್ನ ಎಲ್ಲರಿಗೂ ಗೋಧಿ ಎಂದು ಇಪೆಕ್ ಬರೆದಳು. ಹಿಂದಕ್ಕೆ ಬರುವ ದಾರಿ ಅಲ್ಲಿಗೆ ಮುಚ್ಚಿತು.

ಮಗು ಎದ್ದ ಮೇಲೆ ಹಲ್ಲನ್ನು ಇನ್ನೊಮ್ಮೆ ನೋಡಿ ಕಣ್ತುಂಬಿಕೊಳ್ಳಲು ಹೋದಳು. ದೋರುಕ್ ತುಟಿ ಬಿಗಿದ. ಕಚಗುಳಿಯಿಟ್ಟಳು, ಮೂಗಿನಲ್ಲಿ ನಕ್ಕ. “ನೋವಿರಬೇಕು, ಪಾಪ,” ಎಂದುಕೊಂಡು ಬಿಟ್ಟಳು.

ಭಾನುವಾರ ಬೆಳಿಗ್ಗೆ ಇಪೆಕ್ ಮನೆಯ ಅತಿ ದೊಡ್ಡ ಪಾತ್ರೆಯನ್ನು ಒಲೆಗೇರಿಸಿ ಅದರ ಕಂಠದವರೆಗೆ ಗೋಧಿ ಸುರಿದಳು. ನೆಜ್ಮಿಯೆ ಅಡುಗೆಮನೆಯ ಮಣೆಯ ಮೇಲೆ, ಕೈಗಳನ್ನು ತೊಡೆಯಡಿಗೆ ಒತ್ತಿಕೊಂಡು ಕೂತಿದ್ದಳು.

“ರಾತ್ರಿನೇ ನೆನೆಸಿದ್ದೆಯಾ, ಮಗಳೇ?”

“ನೆನೆಸಬೇಕಿತ್ತಾ?”

“ಇಲ್ಲಪ್ಪ, ಸುಮ್ನೆ ಕೇಳ್ದೆ. ನಾನು ಕೈ ಹಾಕಲ್ಲ ಅಂದ್ಮೇಲೆ ಹಾಕಲ್ಲ.”

ಗೋಧಿ ಮೊದಮೊದಲು ಏನೂ ಮಾಡಲಿಲ್ಲ. ಆಮೇಲೆ ಉಸಿರೆಳೆದುಕೊಂಡಿತು. ಆಮೇಲೆ ಮೈಮುರಿದು ಎದ್ದಿತು. ಮುಚ್ಚಳ ಟೋಪಿಯ ಹಾಗೆ ಮೇಲಕ್ಕೆ ಸರಿಯಿತು, ಕಾಳುಗಳು ಅಂಚು ದಾಟಿ ಒಲೆಯ ಮೇಲೆ ಸಾಲಾಗಿ ಇಳಿಯತೊಡಗಿದವು. ಇಪೆಕ್ ಅರ್ಧವನ್ನು ಇನ್ನೊಂದು ಪಾತ್ರೆಗೆ ಸುರಿದಳು. ಎರಡೂ ತುಂಬಿದವು. ಚಹಾದ ಪಾತ್ರೆ ತುಂಬಿತು. ದೋರುಕ್‌ನ ಸ್ನಾನದ ಮಗ್ಗಿನ ಮೇಲೆ ಅವಳ ಕಣ್ಣು ಬಿದ್ದಾಗ ಓಕ್ತಾಯ್ ಸದ್ದಿಲ್ಲದೆ ಹೊರಟು ಮಹಡಿ ಮಹಡಿ ಹತ್ತಿ ಇಳಿದು ಪಾತ್ರೆ ಕೇಳಿ ತಂದ. ಪಾತ್ರೆಯ ಹಿಂದೆ ಪಾತ್ರೆಯ ಒಡತಿಯರ ದನಿಯೂ ಮೆಟ್ಟಿಲಿಳಿದು ಬಂತು. “ಎಷ್ಟು ಹಲ್ಲು ಬಂತಂತೆ ಮಗುಗೆ, ಮೂವತ್ತೆರಡಾ?” ಎಂದಳು ಶುಕ್ರಾನಕ್ಕ.

ಅಷ್ಟರಲ್ಲಿ ನೆಜ್ಮಿಯೆಯ ಕೈಗಳು ತೊಡೆಯಡಿಯಿಂದ ಹೊರಬಂದು ಸೌಟು ಹಿಡಿದಿದ್ದವು. ಇಪೆಕ್ ಅದನ್ನು ಕಂಡೂ ಕಾಣದ ಹಾಗಿದ್ದಳು.

ಕಟ್ಟಡದವರು ಬರಲು ಇನ್ನು ಸ್ವಲ್ಪವೇ ಹೊತ್ತಿತ್ತು. ಓಕ್ತಾಯ್ ಮಗುವನ್ನು ಎತ್ತಿಕೊಂಡು ಗೋಧಿಯ ಹಬೆಗೆ ಒಂದು ದೊಡ್ಡ ಸೀನು ಸೀನಿದ. ದೋರುಕ್‌ಗೆ ಅಪ್ಪನ ಸೀನಿಗಿಂತ ದೊಡ್ಡ ತಮಾಷೆ ಜಗತ್ತಿನಲ್ಲಿರಲಿಲ್ಲ. ಬಾಯಿ ಕಿವಿಯವರೆಗೆ ತೆರೆದು ನಕ್ಕ.

ಇಪೆಕ್ ನೋಡಿದಳು. ಕೆಳಗೆ, ಮೇಲೆ, ಎಡಕ್ಕೆ, ಬಲಕ್ಕೆ ನೋಡಿದಳು. ವಸಡು ಗುಲಾಬಿ ಬಣ್ಣದಲ್ಲಿ ನುಣ್ಣಗೆ, ಬೋಳಾಗಿತ್ತು.

“ಓಕ್ತಾಯ್, ಹಲ್ಲಿಲ್ಲ.”

“ಇಲ್ಲ ಅಂದ್ರೆ?”

“ನುಂಗಿಬಿಟ್ಟಿದ್ದಾನೆ! ಹಲ್ಲು ನುಂಗಿದ್ದಾನೆ. ಆಸ್ಪತ್ರೆಗೆ ಹೋಗೋಣ, ಹೊಟ್ಟೆ ಚುಚ್ಚಿದ್ರೆ? ಗಾಡಿ ಕೀ ಎಲ್ಲಿ?”

“ಇಪೆಕ್, ನಿನ್ನೆ ಹುಟ್ಟಿದ ಹಲ್ಲು ಇವತ್ತು ಬೇರು ಕಿತ್ಕೊಂಡು ಹೋಗಲ್ಲ.”

“ಹಾಗಾದ್ರೆ ನಾನು ನೋಡಿದ್ದೇನು?”

ಒಲೆಯ ಹತ್ತಿರ ಸೌಟಿನ ಸದ್ದು ನಿಂತಿತು. ನೆಜ್ಮಿಯೆ ತಿರುಗದೆಯೇ ಕೇಳಿದಳು, “ಅದು ಗುಂಡಗಿತ್ತಾ ಮಗಳೇ, ಉದ್ದಕ್ಕಿತ್ತಾ?”

“ಉದ್ದಕ್ಕೆ. ಸಣ್ಣಕ್ಕೆ.”

“ಮಿಂಚ್ತಿತ್ತಾ?”

“ಮಿಂಚ್ತಿತ್ತು.”

ನೆಜ್ಮಿಯೆ ನಿಟ್ಟುಸಿರು ಬಿಟ್ಟಳು. “ಹಾಗಾದ್ರೆ ಅದು ನಂದು.”

ಇಪೆಕ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನೆಜ್ಮಿಯೆ ಸೌಟಿಗೆ ತನ್ನ ತಪ್ಪೊಪ್ಪಿಗೆ ನೀಡತೊಡಗಿದಳು. “ಮಗು ನನ್ನ ತಟ್ಟೆ ನೋಡ್ತಿತ್ತು. ಹೇಗೆ ನೋಡ್ತಿತ್ತು ಅಂದ್ರೆ, ಕಲ್ಲೂ ಕರಗಬೇಕು. ಒಂದೇ ಒಂದು ತುತ್ತು ಅನ್ನ. ಮೆತ್ತಗೆ ಕಿವುಚಿದ್ದೆ. ಬಾಯಿನೂ ಒರೆಸಿದ್ದೆ. ಒಂದಗುಳು ಉಳಿದಿರಬೇಕು.”

“ಬೆಣ್ಣೆ?”

“ಬೆಣ್ಣೆಯಿಲ್ಲದೆ ಅನ್ನ ಹೇಗೆ ಮಾಡ್ತಾರೆ, ಮಗಳೇ?”

ಇಪೆಕ್ ನೆಲದ ಮೇಲೆ ಕೂತಳು. ಒಂದು ಅನ್ನದ ಅಗುಳಿಗೆ ಇಡೀ ಕಟ್ಟಡದ ಪಾತ್ರೆಗಳಲ್ಲಿ ಗೋಧಿ ಬೆಂದಿತ್ತು. “ಎಲ್ಲರಿಗೂ ನಿಜ ಹೇಳಿಬಿಡ್ತೀನಿ.”

“ಹೇಳು,” ಎಂದಳು ಅತ್ತೆ. “ನಿನ್ನ ಮಾತು ಮೀರಿ ಮಗುಗೆ ತಿನ್ನಿಸ್ದೆ ಅಂತ ನಂದೂ ಹೇಳು. ಶುಕ್ರಾನ್ ಅದನ್ನ ಊರಾಚೆ ಹೊಳೆ ದಂಡೆ ತನಕ ತಲುಪಿಸ್ತಾಳೆ. ನಿನ್ನನ್ನೂ ಬಿಡಲ್ಲ. ಅಗುಳಿಗೂ ಹಲ್ಲಿಗೂ ವ್ಯತ್ಯಾಸ ತಿಳೀದ ಜರ್ಮನಿ ಸೊಸೆ ಅಂತ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹೇಳ್ತಾರೆ.”

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾದಂದಿನಿಂದ ಇಬ್ಬರ ಮನಸ್ಸು ಅಷ್ಟು ಚೆನ್ನಾಗಿ ಒಂದಾದದ್ದು ಅದೇ ಮೊದಲು. ಕರೆಗಂಟೆ ಸದ್ದಾಯಿತು.

“ಬಾಯಿ ತೆಗೆಸಬೇಡ,” ಎಂದು ನೆಜ್ಮಿಯೆ ಪಿಸುಗುಟ್ಟಿದಳು. “ಉಳಿದದ್ದು ನಾನು ನೋಡ್ಕೋತೀನಿ.”

ಬಾಗಿಲ ಹೊರಗೆ ಚಪ್ಪಲಿ ಬೂಟುಗಳ ಜಾತ್ರೆಯಾಯಿತು. ನಡುಮನೆಯಲ್ಲಿ ಬಿಳಿಯ ಹಾಸು ಹಾಸಿ ದೋರುಕ್‌ನನ್ನು ಕೂರಿಸಿದರು. ಎದುರಿಗೆ ತಟ್ಟೆಯಲ್ಲಿ ಕತ್ತರಿ, ಬಾಚಣಿಗೆ, ಪೆನ್ನು, ಕನ್ನಡಿ. ಇರಲಿ ಎಂದು ಓಕ್ತಾಯ್ ಇಟ್ಟ ಒಂದು ಸ್ಕ್ರೂಡ್ರೈವರ್. ಮಗು ಮೊದಲು ಯಾವುದನ್ನು ಹಿಡಿಯುತ್ತದೋ ಅದೇ ಅದರ ಕಸುಬು. ನೆಲಮಹಡಿಯ ಹಾಜೆರಜ್ಜಿ ದಪ್ಪ ಕನ್ನಡಕ ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ಕುರ್ಚಿ ಎಳೆಸಿಕೊಂಡಳು. ಕಟ್ಟಡಕ್ಕೆಲ್ಲ ಹಿರಿಯಳು, ಅವಳು ‘ಆಯ್ತು’ ಅಂದರೆ ಆದ ಹಾಗೆ.

ನೆಜ್ಮಿಯೆ ಒಂದು ಹಿಡಿ ಗೋಧಿಯನ್ನು ಮೊಮ್ಮಗನ ತಲೆಯ ಮೇಲಿಂದ ಸುರಿದಳು. ಹೆಂಗಸರು ದೃಷ್ಟಿ ತಾಗದಿರಲೆಂದು ಮಾಷಲ್ಲಾ ಅಂದರು. ದೋರುಕ್ ಕತ್ತರಿಯನ್ನು ನೋಡಿದ, ಪೆನ್ನನ್ನು ನೋಡಿದ, ಎರಡರಲ್ಲೂ ಹುರುಳಿಲ್ಲವೆಂದು ತೀರ್ಮಾನಿಸಿ ಹಾಸಿನ ಮೇಲೆ ಬಿದ್ದ ಗೋಧಿ ಕಾಳೊಂದನ್ನು ಹೆಕ್ಕಿ ಬಾಯಿಗೆಸೆದುಕೊಂಡ.

“ರೈತ ಆಗ್ತಾನೆ!” ಎಂದಳು ಶುಕ್ರಾನಕ್ಕ.

“ಅಡುಗೆಭಟ್ಟ ಆಗ್ತಾನೆ,” ಎಂದರು ಇನ್ಯಾರೋ.

ಇಪೆಕ್‌ಗೆ ಅದೊಂದೂ ಕೇಳಲಿಲ್ಲ. ಗಂಟಲಿಗೆ ಸಿಕ್ಕರೆ? ಉಸಿರು ಕಟ್ಟಿದರೆ? ಅತ್ತೆಯ ಎಚ್ಚರಿಕೆ, ತನ್ನ ಮಾನ, ಜರ್ಮನಿ ಸೊಸೆ ಎಲ್ಲ ತಲೆಯಿಂದ ಹಾರಿಹೋಯಿತು. ಒಂದೇ ನೆಗೆತಕ್ಕೆ ಹಾಸಿನ ಮೇಲೆ ಬಿದ್ದು ಮಗನ ಗಲ್ಲ ಹಿಡಿದು, ಬಾಯಿ ಅಗಲಿಸಿ, ಬೆರಳು ಹಾಕಿ ಕಾಳನ್ನು ಹೊರಗೆಳೆದಳು. ದೋರುಕ್ ಅವಮಾನದಿಂದ ಬೊಬ್ಬೆಯಿಟ್ಟ. ನಾಲಗೆ, ಗಂಟಲು, ಬೋಳು ವಸಡು, ಎಲ್ಲವೂ ಕಿಟಕಿಯ ಬೆಳಕಿಗೆ ತೆರೆದುಕೊಂಡವು.

ಆಗ ಒಂದು ವಿಚಿತ್ರ ನಡೆಯಿತು. ಕೋಣೆಯಲ್ಲಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ತಲೆಯೆತ್ತಿ ಸೂರು ನೋಡಿದರು. ಶುಕ್ರಾನಕ್ಕ ಗೋಡೆಯ ಗಡಿಯಾರ ನೋಡಿದಳು. ಬಟ್ಟೆ ಕೊಡಿಸುವ ಪಾಳಿ ಯಾರಿಗೂ ಬೇಡವಾಗಿತ್ತು.

ಹಾಜೆರಜ್ಜಿ ಮಾತ್ರ ಸೂರು ನೋಡಲಿಲ್ಲ. ಕುರ್ಚಿಯಿಂದ ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ತಂದು, ಆ ಬಾಯಿಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಓದಿದಳು.

“ಮಾಷಲ್ಲಾ,” ಎಂದಳು ಹಾಜೆರಜ್ಜಿ. “ಮುತ್ತಿನ ಹಾಗಿದೆ. ಮೊದಲು ನೋಡಿದವಳು ನಾನೇ, ಬಟ್ಟೆ ನಂದು. ಈಗಾದ್ರೂ ಗೋಧಿ ಕೊಡ್ತೀರೋ ಇಲ್ವೋ?”

ಎಲ್ಲರ ಕತ್ತೂ ಕೆಳಗಿಳಿಯಿತು. ಗೋಧಿ ಬಂತು. ಮೇಲೆ ಅಕ್ರೋಟು, ದಾಳಿಂಬೆ ಕಾಳು. ಒಂದು ಪಾತ್ರೆಯದ್ದು ಅರ್ಧ ಬೆಂದಿತ್ತು, ಒಂದರದ್ದು ಕರಗಿ ಅಂಬಲಿಯಾಗಿತ್ತು, ಚಹಾ ಪಾತ್ರೆಯದ್ದು ಚಹಾ ವಾಸನೆ ಹೊಡೆಯುತ್ತಿತ್ತು. ತಿಂದರು, ನಕ್ಕರು, ಇನ್ನಷ್ಟು ಕೇಳಿ ತಿಂದರು, ಅವರವರ ಪಾತ್ರೆಯನ್ನು ಅದರೊಳಗಿನ ಗೋಧಿಯ ಸಮೇತ ಹೊತ್ತು ಮಹಡಿ ಹತ್ತಿದರು.

ಕೊನೆಗೆ ಹೊರಟವಳು ಹಾಜೆರಜ್ಜಿ. ಇಪೆಕ್ ಬಗ್ಗಿ ಅವಳ ಬೂಟು ಸರಿಮಾಡಿಕೊಡುತ್ತಿದ್ದಾಗ ಅಜ್ಜಿ ಅವಳ ಕಿವಿಯ ಹತ್ತಿರ ಹೇಳಿದಳು, “ಬಟ್ಟೆ ತಂದಿಟ್ಟಿರ್ತೀನಿ ಮಗಳೇ. ಹಲ್ಲು ಬಂದಾಗ ಕರಿ, ತೊಡಿಸ್ತೀನಿ.”

ಇಪೆಕ್‌ನ ಮುಖ ದಾಳಿಂಬೆಯಾಯಿತು. “ಅಜ್ಜಿ, ನನ್ನನ್ನ ಕ್ಷಮಿಸಿ. ನಂಗೆ ಇಲ್ಲಿದೇನೂ ಸರಿಯಾಗಿ ಬರಲ್ಲ. ಎಲ್ಲರೂ ಜರ್ಮನಿ ಸೊಸೆ ಅನ್ನೋದು ಸುಮ್ನಲ್ಲ.”

“ಯಾರಂದ್ರು ಹಾಗೆ? ಇವತ್ತಿಂದ ಯಾರಾದ್ರೂ ಅಂದ್ರೆ ನಂಗೆ ಹೇಳು. ನೀನು ನೆಜ್ಮಿಯೆ ಸೊಸೆನೇ, ಅದರಲ್ಲಿ ಅನುಮಾನ ಬೇಡ.” ಅಜ್ಜಿ ಕಟಾಂಜನ ಹಿಡಿದು ಒಂದು ಮೆಟ್ಟಿಲಿಳಿದು ನಿಂತಳು. “ಓಕ್ತಾಯ್ ಹಲ್ಲುಗೋಧಿನೂ ನಾನು ತಿಂದವಳು, ಎದುರು ಮನೇಲಿ. ಆಗಲೂ ಹೀಗೇ ಬಗ್ಗಿ ನೋಡಿದೆ. ಹಲ್ಲೂ ಇಲ್ಲ, ಏನೂ ಇಲ್ಲ. ಮೊಸರಿನ ಕೆನೆ ಅಂಟಿದ್ದನ್ನ ನೋಡಿ ಊರನ್ನೆಲ್ಲ ಕರೆದಿದ್ಲು ನಿಮ್ಮತ್ತೆ. ಆಗಲೂ ಮುತ್ತಿನ ಹಾಗಿದೆ ಅಂದೆ. ಬೆಂದ ಗೋಧಿನ ಯಾರು ಹಾಳು ಮಾಡ್ತಾರೆ?”

ಇಪೆಕ್ ಬಾಗಿಲು ಹಾಕಿ ಅಡುಗೆಮನೆಗೆ ಬಂದಳು. ಅತ್ತೆ ಸಿಂಕಿನ ಮುಂದೆ ನಿಂತು, ಆಗಲೇ ಫಳಫಳ ಹೊಳೆಯುತ್ತಿದ್ದ ಪಾತ್ರೆಯನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು. ಕಿವಿಗಳು ಕೆಂಪಗಾಗಿದ್ದವು.

“ಅಮ್ಮ,” ಎಂದಳು ಇಪೆಕ್, “ಮೊಸರಿನ ಕೆನೆನಾ?”

ನೆಜ್ಮಿಯೆ ತಿರುಗಲಿಲ್ಲ.

“ಹಾಜೆರಕ್ಕನಿಗೆ ಆಗಲೂ ಕಣ್ಣು ಸರಿಯಿರಲಿಲ್ಲ,” ಎಂದಳು. “ಅದೂ ಅಗುಳೇ. ನಮ್ಮತ್ತೆ ತಿನ್ನಿಸಿದ್ದು.”