ಮತ್ತ ವಾಪಸ್ ಯಾವಾಗ ಹೊಂಟೀರಿ?

ಪರದೇಶದಲ್ಲಿದ್ದು ಊರಿಗೆ ಮರಳಿದವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ಹಾಲಿನವಳ ಹಾಗೆ ದಿನಾ ತಾನೇ ಬಾಗಿಲಿಗೆ ಬಂದು ನಿಲ್ಲುತ್ತದೆ. ನಾವು ಇಪ್ಪತ್ತಮೂರು ವರ್ಷ ಮಸ್ಕತ್ತಿನಲ್ಲಿದ್ದೆವು. ನಮ್ಮ ಮನೆಯವರಿಗೆ ಅಲ್ಲಿ ಲಿಫ್ಟ್ ರಿಪೇರಿಯ ಕೆಲಸ. ಅರವತ್ತು ತುಂಬಿತು, ವೀಸಾ ಮುಗಿಯಿತು, ರೋಣದಲ್ಲಿ ಕಟ್ಟಿಸಿಟ್ಟಿದ್ದ ಮನೆಗೆ ಬಂದು ಕೂತೆವು. ನಮ್ಮ ಓಣಿಯಲ್ಲಿ ಮಾಳಿಗೆ ಹತ್ತಲು ಏಣಿ ಇದೆಯೇ ಹೊರತು ಲಿಫ್ಟ್ ಇಲ್ಲ. ಹೀಗಾಗಿ ಇವರು ಲಿಫ್ಟ್ ಬಿಟ್ಟು ಊರನ್ನೇ ರಿಪೇರಿ ಮಾಡಲು ಹೊರಟರು.

ಬಂದ ದಿನವೇ ಒಂದು ಷರತ್ತು ಹಾಕಿದ್ದರು. “ಒಂದ ವರ್ಷ ನೋಡೂಣು. ಊರು ನಮ್ಮನ್ನ ತನ್ನವರಂತ ತಿಳಕೊಂಡ್ರ ಚಲೋ. ಇಲ್ಲಾಂದ್ರ ಹುಬ್ಬಳ್ಳ್ಯಾಗ ಫ್ಲ್ಯಾಟ್ ತಗೊಂಡು ಇರೂಣು.” ಫ್ಲ್ಯಾಟಿಗೆ ಲಿಫ್ಟ್ ಇರುತ್ತದೆ ಎಂಬುದು ಇವರ ಹೊಟ್ಟೆಯೊಳಗಿನ ಮಾತು. ನನಗೋ ಹುಬ್ಬಳ್ಳಿ ಬೇಡವೇ ಬೇಡ. ತವರು ಅಬ್ಬಿಗೇರಿ ಇಲ್ಲೇ ಕೂಗಳತೆಯಲ್ಲಿದೆ. ಇಪ್ಪತ್ತಮೂರು ವರ್ಷ ಎಂಟನೆಯ ಮಹಡಿಯ ಕಿಟಕಿಯಿಂದ ಪಾರ್ಕಿಂಗ್ ನೋಡಿದ್ದು ನನಗೆ ಸಾಕಾಗಿತ್ತು.

ಎಲ್ಲ ಸಾಮಾನು ಬಿಚ್ಚಿದರೂ ಒಂದು ನೀಲಿ ಸೂಟ್‌ಕೇಸಿಗೆ ಮಾತ್ರ ಇವರು ಬೀಗ ಹಾಕಿ ಕಪಾಟಿನ ಮೇಲಿಟ್ಟರು. ಅದರೊಳಗೆ ನನ್ನ ಬಂಗಾರದಂಚಿನ ಹನ್ನೆರಡು ಚಹಾದ ಕಪ್ಪುಗಳಿದ್ದವು. ಯಾವಾಗ ತೆಗೆಯುತ್ತೀರಿ ಎಂದರೆ, “ಮಂದಿ ‘ವಾಪಸ್ ಯಾವಾಗ ಹೊಂಟೀರಿ’ ಅಂತ ಕೇಳೂದು ಬಿಟ್ಟ ದಿನಾ” ಎಂದು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು.

ನಮ್ಮೂರಲ್ಲಿ ಆ ಪ್ರಶ್ನೆಯನ್ನು ಕೇಳದವರು ಯಾರು? ಕಾಯಿಪಲ್ಲೆಯವಳು ಬದನೆಕಾಯಿ ತೂಗುತ್ತ ಕೇಳುತ್ತಾಳೆ, ಪೋಸ್ಟಿನವರು ಸಹಿ ಹಾಕಿಸಿಕೊಳ್ಳುತ್ತ ಕೇಳುತ್ತಾರೆ. ಬಾಜೂಮನೆಯ ಚಿಗವ್ವ ನಾವು ಬಂದ ವಾರವೇ ಒಂದು ಬರಣಿ ಮಾವಿನ ಉಪ್ಪಿನಕಾಯಿ ತಂದುಕೊಟ್ಟಳು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಓಣಿಗೆಲ್ಲ ಚಿಗವ್ವ. ನಾವಿಲ್ಲದಾಗ ನಳ ಬಂದರೆ ನೀರು ತುಂಬಲೆಂದು ಮನೆಯ ಇನ್ನೊಂದು ಕೀಲಿ ಅವಳ ಹತ್ತಿರವೇ ಇದೆ. ಬರಣಿ ನೋಡಿ ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವಳೆಂದಳು, “ಎಣ್ಣಿ ಜಾಸ್ತಿ ಹಾಕೇನ್ರಿ. ವಿಮಾನದಾಗ ಒಯ್ಯಾಕ ಕೆಡಂಗಿಲ್ಲ.”

೧. ಹಲ್ಲು

ಇವರ ದವಡೆ ಹಲ್ಲಿಗೆ ತೂತು ಬಿತ್ತು. ಹಲ್ಲಿನ ದವಾಖಾನೆಗೆ ಹೋದೆವು. ಡಾಕ್ಟರು ಇವರ ಬಾಯಿ ತೆಗೆಸಿ, ಕನ್ನಡಿಯನ್ನೂ ಕೊಕ್ಕೆಯನ್ನೂ ಒಳಗಿಟ್ಟು, ಆರಾಮಾಗಿ ಕೇಳಿದರು: “ಮಸ್ಕತ್ ಅಲ್ರೀ? ಯಾವಾಗ ಬಂದ್ರಿ?”

ಇವರು “ಆ” ಎಂದರು.

“ವಾಪಸ್ ಯಾವಾಗ ಹೊಂಟೀರಿ?”

ಹೋಗುವುದೇ ಇಲ್ಲ ಎನ್ನಲು ಇವರು ಮಲಗಿದಲ್ಲೇ ಕೈಯನ್ನು ಆ ಕಡೆ ಈ ಕಡೆ ಬೀಸಿದರು. ಡಾಕ್ಟರಿಗೆ ಅದು ವಿಮಾನದ ಹಾಗೆ ಕಂಡಿತು. “ಓ, ಹೊಂಟ ಬಿಟ್ಟೀರಿ. ಹಂಗಾರ ಈಗ ತಾತ್ಪೂರ್ತಿಕ ತುಂಬತೀನಿ. ಪಕ್ಕಾದ್ದು ಅಲ್ಲೇ ಮಾಡಿಸ್ಕೋರ್ರಿ.”

ಮೂರನೆಯ ದಿನ ಗಿರಮಿಟ್ಟು ತಿನ್ನುವಾಗ ಆ ತಾತ್ಪೂರ್ತಿಕ ಉದುರಿತು. ಇವರು ಸಿಟ್ಟಿನಿಂದ ಮತ್ತೆ ಹೋಗಿ, ಈ ಸಲ ಬಾಯಿ ತೆಗೆಯುವ ಮೊದಲೇ ಮಾತು ಮುಗಿಸಿದರು. “ಡಾಕ್ಟ್ರ, ನಾ ಎಲ್ಲೂ ಹೋಗಾಂವಲ್ಲ. ರೋಣದಾಗ ಇರಾಂವ. ಪಕ್ಕಾ ತುಂಬ್ರಿ.”

ಡಾಕ್ಟರು ನನ್ನ ಕಡೆ ತಿರುಗಿದರು. “ಖರೇನ್ರಿ, ಅಕ್ಕಾರ?”

ಖರೇ ಎಂದು ಸಾಕ್ಷಿ ಹೇಳಿದೆ. ಹಲ್ಲು ತುಂಬಿತು. ಕೈ ತೊಳೆದುಕೊಳ್ಳುತ್ತ ಡಾಕ್ಟರು ಹೇಳಿದರು: “ಆರು ತಿಂಗಳ ಬಿಟ್ಟು ಒಮ್ಮೆ ತೋರಸ್ರಿ. ಅಷ್ಟರಾಗ ಹ್ವಾದ್ರ ಬ್ಯಾಡ.”

೨. ಊಟಕ್ಕೆ ಬರ್ರಿ

ಮಸ್ಕತ್ತಿನಲ್ಲಿ ಶುಕ್ರವಾರ ಬಂದರೆ ಎಲ್ಲಿಗಾದರೂ ಹೋಗುವ ರೂಢಿ. ಸಮುದ್ರ, ಗುಡ್ಡ, ಖರ್ಜೂರದ ತೋಟ, ಏನೋ ಒಂದು. ಇವರು ಆ ರೂಢಿಯನ್ನು ವಿಮಾನದಲ್ಲಿ ತಂದುಬಿಟ್ಟಿದ್ದರು. ರೋಣದಲ್ಲಿ ಸಮುದ್ರ ಎಲ್ಲಿದೆ? ಸ್ಕೂಟರ್ ಮೇಲೆ ನನ್ನನ್ನು ಕೂಡಿಸಿಕೊಂಡು ಎರೆಹೊಲ ತೋರಿಸಲು ಹೊರಡುತ್ತಿದ್ದರು. ಅಬ್ಬಿಗೇರಿಯಲ್ಲಿ ಹುಟ್ಟಿದವಳಿಗೆ ಎರೆಹೊಲ ತೋರಿಸುವುದು.

ಒಂದು ಮಧ್ಯಾಹ್ನ ಮುಶಿಗೇರಿ ಕಡೆ ಹೋಗುವಾಗ ದಾರಿ ಬದಿಯ ಬೇವಿನ ಗಿಡದ ಕೆಳಗೆ ನಾಲ್ಕು ಜನ ಬುತ್ತಿ ಬಿಚ್ಚಿ ಕೂತಿದ್ದರು. ಅವರಲ್ಲಿ ಹಿರಿಯಳೊಬ್ಬಳು ನಮ್ಮ ಕಡೆ ನೋಡಿ, “ಬರ್ರೆಪಾ, ಊಟಾ ಮಾಡೂಣು” ಎಂದಳು.

ಇಲ್ಲಿ ಇದು ಎಲ್ಲರೂ ಹೇಳುವ ಮಾತು. ಉಣ್ಣುವವರು ದಾರಿಹೋಕರನ್ನು ಕರೆಯಬೇಕು, ದಾರಿಹೋಕರು “ಆಗೇತ್ರಿ, ನೀವು ಮಾಡ್ರಿ” ಎಂದು ಮುಂದೆ ಹೋಗಬೇಕು. ಉಪವಾಸವಿದ್ದರೂ ಹಾಗೇ ಅನ್ನಬೇಕು. ಕರೆದವರಿಗೂ ಸಮಾಧಾನ, ಹೋದವರಿಗೂ ಮರ್ಯಾದೆ. ನಾನು “ಆಗೇತ್ರಿ” ಎನ್ನಲು ಬಾಯಿ ತೆಗೆಯುವಷ್ಟರಲ್ಲಿ ಇವರು ಸ್ಕೂಟರ್ ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಒಂದು ಗಳಿಗೆ ಆ ನಾಲ್ಕೂ ಮಂದಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಪಾಪ, ಒಳ್ಳೆಯ ಜನ. ಹಿರಿಯಳು ರೊಟ್ಟಿ, ಪುಂಡಿಪಲ್ಯ, ಗುರೆಳ್ಳ ಚಟ್ನಿ ಮುಂದಿಟ್ಟಳು. ಇವರು ನಾಲ್ಕು ರೊಟ್ಟಿ ಉಂಡರು. ಐದನೆಯದನ್ನು ಅರ್ಧ ಮಾಡಿ ನನಗೆ ಕೊಟ್ಟು, “ನೋಡ, ಎಷ್ಟ ಪ್ರೀತಿಲೆ ಕರದ್ರು. ಊರು ನಮ್ಮನ್ನ ತನ್ನವರಂತ ತಿಳಕೊಂತು” ಎಂದರು. ಕೀಲಿ ಇವತ್ತೇ ಉಡದಾರದಿಂದ ಬಿಚ್ಚುತ್ತದೆ ಎಂದು ನಾನೂ ಆಸೆಪಟ್ಟೆ.

ಇವರು ಕೈ ತೊಳೆಯಲು ಹೋದಾಗ ಹಿರಿಯಳು ನನ್ನ ಹತ್ತಿರ ಸರಿದು ಕೇಳಿದಳು: “ಎಲ್ಲ್ಯವರವಾ ನೀವು?”

ಮಸ್ಕತ್ತಿನಲ್ಲಿದ್ದೆವು, ಈಗ ರೋಣ ಎಂದೆ.

ಅವಳು ಇವರ ಬೆನ್ನನ್ನೇ ಮರುಕದಿಂದ ನೋಡಿದಳು. “ಯಾಕವಾ, ಆ ದೇಶದಾಗ ಇವರಿಗೆ ಊಟಾ ಹಾಕ್ತಿರಲಿಲ್ಲೇನು?”

೩. ಟೋಪಿ

ನರಗುಂದದ ಗುಡ್ಡ ಹತ್ತಿ ಬರೋಣ ಎಂದು ಒಂದು ದಿನ ಬಸ್ಸಿನಲ್ಲಿ ಹೋಗಿದ್ದೆವು. ಗುಡ್ಡ ಹತ್ತಿದ್ದು ಸುಲಭ, ಬಸ್ ಹತ್ತುವುದು ಕಷ್ಟವಾಯಿತು. ಇವರು ಬಸ್‌ಸ್ಟ್ಯಾಂಡಿನಲ್ಲಿ ಪಾಳಿ ಹಚ್ಚಿ ನಿಂತರು. ಪಾಳಿಯಲ್ಲಿ ಇದ್ದದ್ದು ಇವರೊಬ್ಬರೇ. ಹಿಂದೆ ಯಾರೂ ಇಲ್ಲ, ಮುಂದೆಯೂ ಯಾರೂ ಇಲ್ಲ. ಬಸ್ ಬಂತು, ಜನ ಕಿಟಕಿಯಿಂದ ಟವೆಲ್ಲು, ಚೀಲ, ಕೊಡೆ ಒಗೆದು ಸೀಟು ಹಿಡಿದರು. ಪಾಳಿಯ ಮೊದಲಿಗರು ಕೆಳಗೇ ಉಳಿದರು. ಹೀಗೆ ಎರಡು ಬಸ್ ಹೋದವು.

ಹತ್ತಿರ ಕೂತಿದ್ದ ಅತ್ತರಿನ ವ್ಯಾಪಾರಿ ಸಾಬರಿಗೆ ನೋಡಲಾಗಲಿಲ್ಲ. “ಹಿಂಗ ನಿಂತ್ರ ರಾತ್ರಿಮಟಾ ನಿಂದರ್ತೀರಿ, ಸಾಹೇಬ್ರ. ಏನರ ಒಂದ ಒಗೀರಿ. ಒಗದ ಮ್ಯಾಲ ಅದು ನಿಮ್ಮ ಸೀಟು, ಯಾರೂ ಮುಟ್ಟಂಗಿಲ್ಲ.”

ಇವರಿಗೆ ಹುರುಪು ಬಂತು. ಮುಂದಿನ ಬಸ್ ಒಳಗೆ ತಿರುಗುವಷ್ಟರಲ್ಲೇ ಓಡಿ, ಮಸ್ಕತ್ತಿನಿಂದ ತಂದ ಕಸೂತಿ ಟೋಪಿಯನ್ನು ಕಿಟಕಿಯಿಂದ ಸರಿಯಾಗಿ ಸೀಟಿನ ಮೇಲೆ ಬೀಳುವಂತೆ ಒಗೆದರು. ಯುದ್ಧ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ನಾನು ಬಸ್ಸಿನ ಬೋರ್ಡ್ ನೋಡುತ್ತಿದ್ದೆ. ಅದು ರಾಮದುರ್ಗದ ಬಸ್ಸು.

ಹೇಳುವಷ್ಟರಲ್ಲಿ ಬಸ್ ಟೋಪಿಯ ಸಮೇತ ಹೋಗಿತ್ತು. ಟೋಪಿ ಬಿಟ್ಟು ಬರಲು ಇವರು ಒಪ್ಪಲಿಲ್ಲ. ಮಿರ್ಚಿ ಭಜಿ ತಿಂದೆವು, ಚಹಾ ಕುಡಿದೆವು, ಮತ್ತೆ ಮಿರ್ಚಿ ತಿಂದೆವು. ಮೂರು ತಾಸಿನ ಮೇಲೆ ಅದೇ ಬಸ್ ಮರಳಿ ಬಂತು, ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಇವರು ತೂರಿಕೊಂಡು ಒಳಗೆ ಹೋದರು. ನಾನು ಕಿಟಕಿಯಿಂದ ಇಣುಕಿದೆ. ಅಷ್ಟು ಗದ್ದಲದಲ್ಲಿ ಒಂದು ಸೀಟು ಖಾಲಿ ಇತ್ತು. ಅದರ ಮೇಲೆ ಟೋಪಿ ಕೂತಿತ್ತು.

“ಅದು ನಿಮ್ದೇನ್ರಿ?” ಎಂದರು ಕಂಡಕ್ಟರು. “ಯಾರೋ ಸೀಟ್ ಹಿಡದಾರಂತ ಮಂದಿ ಹೋಗ್ತಾನೂ ನಿಂತರು, ಬರ್ತಾನೂ ನಿಂತರು.”

೪. ಗಾಲಿ ಚೀಲ

ಹನ್ನೊಂದು ತಿಂಗಳು ಕಳೆದವು. ಪ್ರಶ್ನೆ ನಿಲ್ಲಲಿಲ್ಲ, ಸೂಟ್‌ಕೇಸು ಇಳಿಯಲಿಲ್ಲ. ಇವರು ಹುಬ್ಬಳ್ಳಿಯ ಫ್ಲ್ಯಾಟುಗಳ ಫೋಟೋ ನೋಡತೊಡಗಿದರು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಅಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನನ್ನ ಮುಖ ನೋಡಿ ಇವರೇ, “ನಡಿ, ಗಜೇಂದ್ರಗಡಕ್ಕ ಹೋಗಿ ಎರಡ ದಿನಾ ಇದ್ದು ಬರೂಣು” ಎಂದರು. ತಿರುಗಾಡಲು ಹೋದಾಗ ಫೋನ್ ಬಂದ್ ಇಡುವುದು ಮಸ್ಕತ್ತಿನ ಪದ್ಧತಿ, ಹೀಗಾಗಿ ಇಬ್ಬರ ಫೋನೂ ಬಂದ್. ಬೆಳಗಿನ ಐದೂವರೆಗೆ, ಸಣ್ಣ ಗಾಲಿ ಚೀಲವೊಂದನ್ನು ಓಣಿಯ ಕಲ್ಲಿನ ಮೇಲೆ ಗಡಗಡ ಎಳೆದುಕೊಂಡು ಹೊರಟೆವು. ಇಷ್ಟು ಬೆಳಿಗ್ಗೆ ಯಾರನ್ನು ಎಬ್ಬಿಸುವುದೆಂದು ಚಿಗವ್ವನಿಗೆ ಹೇಳಲಿಲ್ಲ.

ಲಾಡ್ಜಿನ ಮ್ಯಾನೇಜರ್ ನಮ್ಮ ಆಧಾರ್ ಕಾರ್ಡನ್ನು ಮೂರು ಸಲ ನೋಡಿದ. “ರೋಣದವರ? ರೋಣಕ್ಕ ತಾಸಿಗೊಂದ ಬಸ್ ಅದಾವಲ್ರಿ.” ಗೊತ್ತು, ತಿರುಗಾಡಲು ಬಂದಿದ್ದೇವೆ ಎಂದರು ಇವರು. ಅವನು ನನ್ನನ್ನು ಬದಿಗೆ ಕರೆದ. “ಅಕ್ಕಾರ, ಮನ್ಯಾಗ ಸೊಸಿ ಕೂಡ ಏನರ ಆಗೇತೇನ್ರಿ?” ನಮಗೆ ಸೊಸೆಯೇ ಇಲ್ಲಪ್ಪ ಎಂದೆ. ಹಾಗಾದರೆ ಜಗಳ ಗಂಡ ಹೆಂಡಿರದೇ ಇರಬೇಕೆಂದು ಎರಡು ಬೇರೆ ಬೇರೆ ಮಂಚದ ಕೋಣೆ ಕೊಟ್ಟ. ಅಲ್ಲಿನ ಕಾಲಕಾಲೇಶ್ವರ ಗುಡಿಯ ಮೆಟ್ಟಿಲು ಹತ್ತಿ ನಾನು ಬೇಡಿಕೊಂಡದ್ದು ಒಂದೇ, ಹುಬ್ಬಳ್ಳಿ ತಪ್ಪಿಸಪ್ಪಾ ಎಂದು.

ಮೂರನೆಯ ದಿನ ಮಧ್ಯಾಹ್ನ ಮರಳಿ ಬಂದರೆ ನಮ್ಮ ಮನೆಯ ಬಾಗಿಲು ತೆರೆದಿತ್ತು. ಹೊರಗೆ ಮೂರು ಜೊತೆ ಚಪ್ಪಲಿ. ಗಾಬರಿಯಿಂದ ಒಳಗೆ ಹೋದೆವು. ಅಡುಗೆಮನೆಯಲ್ಲಿ ಗುರುತಿಲ್ಲದ ಗಂಡ ಹೆಂಡತಿ ಟೇಪು ಹಿಡಿದು ಕಟ್ಟೆ ಅಳೆಯುತ್ತಿದ್ದರು. ಊರಿಗೆ ಹೊಸದಾಗಿ ಬದಲಿಯಾಗಿ ಬಂದ ಮಾಸ್ತರರು ಎಂದು ಆಮೇಲೆ ತಿಳಿಯಿತು.

“ನೀವೂ ಬಾಡಿಗಿ ಮನಿ ನೋಡಾಕ ಬಂದೀರೇನ್ರಿ?” ಎಂದರು ಮಾಸ್ತರರು. “ನಾವು ಮೊದಲ ಬಂದೇವ್ರಿ.”

ಪಾಳಿ ಎಂದರೆ ಇವರಿಗೆ ಪ್ರಾಣ. ಬಾಯಿ ತಪ್ಪಿ “ಹೌದ್ರಿ, ನಿಮ್ಮದ ಮೊದಲ” ಎಂದು ನಮ್ಮ ಮನೆಯಲ್ಲೇ ಅವರ ಹಿಂದೆ ನಿಂತುಬಿಟ್ಟರು. ನಿಂತ ಮೇಲೆ ಸುಮ್ಮನಿರದೆ, “ಮನಿ ಹ್ಯಾಂಗ ಐತ್ರಿ?” ಎಂದೂ ಕೇಳಿದರು.

“ಮನಿ ಚಲೋ ಐತ್ರಿ” ಎಂದಳು ಮಾಸ್ತರರ ಹೆಂಡತಿ. “ಮೊದಲಿದ್ದವರು ಪರದೇಶಕ್ಕ ವಾಪಸ್ ಹೋದರಂತ. ಆದ್ರ ನೋಡ್ರಿ, ಅಡಗಿಮನ್ಯಾಗ ಒಂದ ಚಹಾದ ಕಪ್ ಸೈತ ಇಲ್ಲ. ಏನ್ ಸಂಸಾರ ಮಾಡಿದಳೋ ಏನೋ ಆ ಹೆಣಮಗಳು.”

ನಾನು ಇವರನ್ನು ನೋಡಿದೆ. ಇವರು ಗೋಡೆಯನ್ನು ನೋಡಿದರು.

ಅಷ್ಟರಲ್ಲಿ ಬಚ್ಚಲಿನಿಂದ ಚಿಗವ್ವ ಹೊರಬಂದಳು. ಸೀರೆ ಎತ್ತಿ ಕಟ್ಟಿದ್ದಾಳೆ, ಕೈಯಲ್ಲಿ ಖಾಲಿ ಕೊಡ, ಮೊಣಕಾಲಿನತನಕ ತೊಯ್ದಿದ್ದಾಳೆ. ನಮ್ಮನ್ನು ನೋಡಿ ಕೊಡ ನೆಲಕ್ಕೆ ಕುಕ್ಕಿದಳು. ಹನ್ನೊಂದು ತಿಂಗಳು “ಬರ್ರಿ, ಕುಂಡ್ರಿ” ಎಂದು ಬೀಗರ ಹಾಗೆ ಮಾತಾಡಿಸಿದವಳು ಅವತ್ತು ಎಲ್ಲ ಮರ್ಯಾದೆ ಬಿಟ್ಟಳು.

“ಬುದ್ಧಿ ಐತೇನ ನಿನಗ? ಗಾಲಿ ಚೀಲ ಎಳಕೊಂಡು ನಸುಕಿನ್ಯಾಗ ಹೊಂಟ್ರ ಮಂದಿ ಏನ್ ತಿಳಕೋಬೇಕು? ಫೋನ್ ಬಂದ್. ವಿಮಾನ ಹತ್ತಿದ್ರಂತ ಓಣಿಗೆಲ್ಲಾ ಹೇಳಿದೆ. ಎರಡ ದಿನಾ ನನಗ ರೊಟ್ಟಿ ಇಳೀಲಿಲ್ಲ. ಬಾಜೂಮನ್ಯಾಕಿ ಸತ್ತಾಳಂತ ತಿಳಕೊಂಡಿದ್ದೇನು? ಒಂದ ಮಾತು ಹೇಳಿ ಹೋಗಾಕ ಬರ್ತಿರಲಿಲ್ಲ?”

ಇವರು ಮೆಲ್ಲಗೆ ಕೇಳಿದರು: “ಚಿಗವ್ವಾ, ನಾವು ಹೋಗೇ ಬಿಟ್ಟೇವಿ ಅಂತ ತಿಳಿದ ಮ್ಯಾಲ ನೀರು ಯಾರಿಗೆ ತುಂಬಿದಿ?”

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಳ ಬಂದಿತ್ತು. ನಿಮ್ಮ ಪಾಳಿ ನೀರು ಹಂಗ ಹೋಗಾಕ ಬಿಡ್ಲೇನು?” ಆಮೇಲೆ ಮಾಸ್ತರರ ಕಡೆ ತಿರುಗಿದಳು. “ಈ ಮನಿ ಇಲ್ರಿ ಮಾಸ್ತರ. ಇವರು ಎಲ್ಲೂ ಹೋಗವರಲ್ಲ, ನಮ್ಮ ಓಣಿಯವರು. ಗಂಡ ಹೆಂಡತಿಗೆ ವಿಚಾರ ಸ್ವಲ್ಪ ಕಡಿಮಿ, ಅಷ್ಟ.”

ನಾನು ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಇವರು ಸ್ಟೂಲ್ ಹತ್ತಿ ನೀಲಿ ಸೂಟ್‌ಕೇಸ್ ಇಳಿಸಿದರು, ಅಂಗಿ ಎತ್ತಿ ಉಡದಾರದ ಕೀಲಿ ಬಿಚ್ಚಿದರು. ಹನ್ನೆರಡೂ ಕಪ್ಪು ಒಡೆಯದೆ ಉಳಿದಿದ್ದವು. ಧೂಳು ಒರೆಸಿ ಎಲ್ಲರಿಗೂ ಚಹಾ ಮಾಡಿದೆ. ಮಾಸ್ತರರ ಹೆಂಡತಿ ಕಪ್ಪಿನ ಬಂಗಾರದಂಚು ನೋಡಿ, ತಾನಾಡಿದ ಮಾತು ನೆನಪಾಗಿ, ತಲೆ ತಗ್ಗಿಸಿ ಕುಡಿದಳು.

ಚಿಗವ್ವ ಕೊನೆಯ ಗುಟುಕಿನತನಕ ಸಾವಕಾಶವಾಗಿ ಕುಡಿದು, ಕಪ್ಪನ್ನು ಬೋರಲು ಮಾಡಿ ನೋಡಿ, ಕೆಳಗಿಟ್ಟಳು.

“ಕಪ್ ಚಲೋ ಅದಾವ. ಆದ್ರ ಈಗ ಹೇಳಿರತೀನಿ ಕೇಳ್ರಿ. ಇನ್ನೊಂದ ಸಲ ಹೇಳದ ಕೇಳದ ಹ್ವಾದ್ರ ಮನಿ ಬಾಡಿಗಿ ಕೊಡಂಗಿಲ್ಲ. ಮಾರೇ ಬಿಡ್ತೀನಿ.”